ತಾರಸಿ ತೋಟಕ್ಕೆ ಅರ್ಕಾ ಬೀಜಗಳು: ಶಿವರಾತ್ರಿ ಬಿತ್ತನೆಗೆ ಯಾವುದು ಸೈ, ಯಾವುದು ಬೇಡ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತರಕಾರಿ ಬೀಜಗಳಿಗೆಲ್ಲ ಮನೆತನದ ಹೆಸರಿನ ಹಾಗೆ ಮುಂದೊಂದು 'ಅರ್ಕಾ' ಇರುತ್ತದೆ: ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ರಕ್ಷಕ್ ಟೊಮೇಟೊ, ಅರ್ಕಾ ಸುಗುಣ ದಂಟು. ಸಂಸ್ಥೆ ಶುರುವಾದದ್ದು 1967ರಲ್ಲಿ. ಅಂದಿನಿಂದ ಇಲ್ಲಿ ತಳಿ ಕಟ್ಟಿರುವುದು ಮುಖ್ಯವಾಗಿ ಹೊಲದ ರೈತರಿಗಾಗಿ, ಹೆಕ್ಟೇರಿಗೆ ಇಷ್ಟು ಟನ್ ಎಂಬ ವಿವರಣೆ ಬರುವುದೂ ಅದಕ್ಕೇ. ಹದಿನೈದು ಇಂಚಿನ ಗ್ರೋ ಬ್ಯಾಗ್ ಇಟ್ಟುಕೊಂಡವರಿಗೆ ಆ ಟನ್ ಲೆಕ್ಕದಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನೋಡಬೇಕಾದ್ದು ಬೇರೆ: ಈ ತಳಿ ಯಾವ ರೋಗಕ್ಕೆ ಜಗ್ಗುವುದಿಲ್ಲ?

ಶಿವರಾತ್ರಿಯಿಂದ ಯುಗಾದಿಯೊಳಗೆ ಬಿತ್ತುವವರಿಗಂತೂ ಅದೇ ಮುಖ್ಯ. ಚಳಿ ಬಿಟ್ಟು ಬಿಸಿಲು ಏರಿದಂತೆ ಬಿಳಿನೊಣ ಏರುತ್ತದೆ, ಅದನ್ನು ತೊಳೆದು ಹಾಕುವ ಮಳೆ ಆಗ ಇರುವುದಿಲ್ಲ. ಬೆಂಡೆಯ ಹಳದಿ ನಂಜು, ಟೊಮೇಟೊದ ಎಲೆ ಮುಟುರು, ಬೀನ್ಸ್‌ನ ಹಳದಿ ಮೊಸಾಯಿಕ್, ಮೂರನ್ನೂ ಹೊತ್ತು ತಿರುಗುವುದು ಈ ನೊಣವೇ. ನಂಜುರೋಗಕ್ಕೆ ಔಷಧಿ ಇಲ್ಲ, ಹತ್ತಿದ ಗಿಡವನ್ನು ಕಿತ್ತು ಎಸೆಯುವುದೊಂದೇ ದಾರಿ. ಅದಕ್ಕೇ ಈ ವಿಮರ್ಶೆಯಲ್ಲಿ ಇಳುವರಿಗಿಂತ ರೋಗದ ಮಾತೇ ಹೆಚ್ಚು.

ಮೊದಲು ಬೆಂಡೆ. ಅರ್ಕಾ ಅನಾಮಿಕಾ ತಳಿಗೆ ಹಳದಿ ನಂಜನ್ನು ತಡೆಯುವ ಗುಣ ಬಂದದ್ದು ಬೆಂಡೆಯ ಕಾಡು ಸಂಬಂಧಿಯೊಂದರ ಜೊತೆ ಮಾಡಿದ ಅಡ್ಡತಳಿಯಿಂದ. ದಶಕಗಟ್ಟಲೆ ಎಲ್ಲೆಡೆ ಬೆಳೆದ ಮೇಲೆ ಆ ತಡೆ ಹಲವು ಕಡೆ ಸಡಿಲವಾಗಿದೆ, ಪೂರ್ತಿ ನಂಬಿ ಕೂರುವ ಹಾಗಿಲ್ಲ. ಆದರೂ ತಾರಸಿಗೆ ಇದು ಸೈ: ಕಾಯಿಗೆ ಮುಳ್ಳಿಲ್ಲ, ಹೈಬ್ರಿಡ್ ಅಲ್ಲದ್ದರಿಂದ ಬೀಜ ಎತ್ತಿಟ್ಟುಕೊಳ್ಳಬಹುದು. ರಾತ್ರಿ ನೆನೆಸಿ ಬೆಳಗ್ಗೆ ಒಂದಿಂಚು ಆಳಕ್ಕೆ ನೇರವಾಗಿ ಚೀಲದಲ್ಲೇ ಊರಬೇಕು. ಟ್ರೇಯಲ್ಲಿ ಸಸಿ ಮಾಡಿ ಕಿತ್ತು ನೆಟ್ಟರೆ ತಾಯಿಬೇರು ಮುರಿದು ಗಿಡ ಮುನಿಸಿಕೊಳ್ಳುತ್ತದೆ. ಹದಿನೈದು ಇಂಚಿನ ಚೀಲಕ್ಕೆ ಎರಡೇ ಗಿಡ. ಮೂರನೆಯದನ್ನು ಉಳಿಸುವ ಆಸೆ ಬಿಡಿ. ಎಲೆಯ ನರಗಳು ಬಲೆ ಹೆಣೆದ ಹಾಗೆ ಹಳದಿ ತಿರುಗಿದರೆ ಆ ಗಿಡವನ್ನು ಅವತ್ತೇ ಕಿತ್ತುಬಿಡಿ, ಪಕ್ಕದ್ದಾದರೂ ಉಳಿಯುತ್ತದೆ.

ಟೊಮೇಟೊದಲ್ಲಿ ಎಲ್ಲರ ಬಾಯಲ್ಲೂ ಇರುವುದು ಅರ್ಕಾ ರಕ್ಷಕ್. ಎಲೆ ಮುಟುರು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ, ಈ ಮೂರನ್ನೂ ತಡೆಯುವ ಎಫ್1 ಹೈಬ್ರಿಡ್ ಇದು. ಚಿಕ್ಕಬಳ್ಳಾಪುರ ಜಿಲ್ಲೆಯ ರೈತರೊಬ್ಬರು ಒಂದೇ ಗಿಡದಿಂದ 19 ಕಿಲೋವರೆಗೆ ತೆಗೆದರೆಂಬ ಸುದ್ದಿ ಬಂದ ಮೇಲೆ ತಾರಸಿಯವರೂ ಬೀಜಕ್ಕೆ ಮುಗಿಬಿದ್ದರು. ಅದು ಹನಿ ನೀರಾವರಿ, ನೀರಿನ ಜೊತೆಗೇ ಗೊಬ್ಬರ ಹಾಯಿಸುವ ರಸಾವರಿ, ಆಳದ ಮಣ್ಣು ಎಲ್ಲ ಕೂಡಿದಾಗಿನ ಮಾತು. ಸುಮಾರು 40 ಲೀಟರ್ ಮಣ್ಣು ಹಿಡಿಯುವ ಚೀಲದಿಂದ ಎರಡು ಮೂರು ಕಿಲೋ ಬಂದರೆ ಸಂತೋಷಪಡಿ. ಹಣ್ಣು ಗಟ್ಟಿ, ಕಿತ್ತ ಮೇಲೂ ದಿನಗಟ್ಟಲೆ ಮೆತ್ತಗಾಗುವುದಿಲ್ಲ. ಪಲ್ಯ, ಗೊಜ್ಜಿಗೆ ಚೆನ್ನ. ಸಾರಿಗೆ ಮಾತ್ರ ನಾಟಿ ಟೊಮೇಟೊದ ಹುಳಿ ಇದರಲ್ಲಿ ಸಿಗುವುದಿಲ್ಲ, ನಾಲ್ಕು ಹಣ್ಣು ಹಿಂಡಿದರೂ ಹುಣಸೆಹಣ್ಣು ಕೇಳುತ್ತದೆ.

ರೋಗ ತಡೆಯುವ ತಳಿ ಎಂದಮಾತ್ರಕ್ಕೆ ಎಳೆ ಸಸಿ ಬಯಲಲ್ಲಿಡಬಾರದು. ಮೊದಲ ತಿಂಗಳು 40ರಿಂದ 50 ಮೆಶ್‌ನ (ಅಂದರೆ ಇಂಚಿಗೆ ಅಷ್ಟು ಕಣ್ಣಿರುವ) ನೈಲಾನ್ ಪರದೆಯೊಳಗೆ ಬೆಳೆಸಿದರೆ ನೊಣದ ಕಾಟ ಅರ್ಧ ಕಳೆದ ಹಾಗೆ. ಮಾಮೂಲಿ ಸೊಳ್ಳೆ ಪರದೆಯ ಕಣ್ಣು ದೊಡ್ಡದು, ಬಿಳಿನೊಣ ಸಲೀಸಾಗಿ ನುಗ್ಗುತ್ತದೆ. ಕಾಯಿಯ ತುದಿ ಕಪ್ಪಾಗಿ ಕೊಳೆಯುವುದಕ್ಕೆ ಯಾವ ತಳಿಯಲ್ಲೂ ತಡೆಯಿಲ್ಲ, ಏಕೆಂದರೆ ಅದು ರೋಗವೇ ಅಲ್ಲ. ಒಂದು ದಿನ ಒಣಗಿಸಿ ಮರುದಿನ ಸುರಿದಾಗ ಬೇರಿನಿಂದ ಕಾಯಿಗೆ ಸುಣ್ಣದಂಶ ಸಾಗುವುದು ತಪ್ಪಿ ಹಾಗಾಗುತ್ತದೆ. ಮೊಟ್ಟೆ ಸಿಪ್ಪೆ ಪುಡಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಕರಗಿ ಬೇರಿಗೆ ಸಿಗುವಷ್ಟರಲ್ಲಿ ಈ ಬೆಳೆಯೇ ಮುಗಿದಿರುತ್ತದೆ. ಎರಡಿಂಚು ಒಣಗಿದ ಎಲೆ ಹೊದಿಸಿ, ದಿನಾ ಒಂದೇ ಹೊತ್ತಿಗೆ ನೀರು ಕೊಡಿ.

ಬೀನ್ಸ್ ಆರಿಸುವಾಗ ತಪ್ಪುವವರು ಬಹಳ. ಅರ್ಕಾ ಅನೂಪ್ ತಡೆಯುವುದು ತುಕ್ಕು ಮತ್ತು ದುಂಡಾಣು ಅಂಗಮಾರಿಯನ್ನು, ಎರಡೂ ತೇವದ ದಿನಗಳ ರೋಗ. ಬೇಸಿಗೆಗೆ ಬೇಕಾದ್ದು ಅರ್ಕಾ ಅರ್ಜುನ್, ಅದು ತಡೆಯುವುದು ಹಳದಿ ಮೊಸಾಯಿಕ್ ನಂಜನ್ನು. ತಿನ್ನಲು ಇವೆರಡಕ್ಕಿಂತ ನಾರಿಲ್ಲದ ಅರ್ಕಾ ಸುವಿಧಾ ಮೇಲು, ಆದರೆ ಅದನ್ನು ಫೆಬ್ರವರಿ ಮೊದಲ ವಾರದೊಳಗೆ ಊರಿದರೆ ಸರಿ. ಎಪ್ಪತ್ತು ದಿನದ ಬೆಳೆ, ಹೂ ಬಿಡುವ ಹೊತ್ತಿಗೆ ತಾರಸಿ 32 ಡಿಗ್ರಿ ದಾಟಿದರೆ ಹೂವೆಲ್ಲ ಬುಡಕ್ಕೆ. ರಾಯಚೂರು, ಕಲಬುರಗಿ ಕಡೆಯವರು ಈ ಕಾಲದಲ್ಲಿ ಬೀನ್ಸ್ ಗೋಜಿಗೇ ಹೋಗದೆ ಅಲಸಂದೆ ಹಾಕುವುದು ಜಾಣತನ.

ಅರ್ಕಾ ಜಯ್ ಅವರೆಯ ಬಗ್ಗೆ ಒಂದು ಎಚ್ಚರಿಕೆ. ನಾಟಿ ಅವರೆ ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುತ್ತದೆ, ಅದಕ್ಕೇ ಅವರೆಕಾಯಿಯ ಸುಗ್ಗಿ ಚಳಿಗಾಲಕ್ಕೆ. ಜಯ್‌ಗೆ ಆ ಹಂಗಿಲ್ಲ. ಪೊದೆಯಾಗಿ ಬೆಳೆದು ಯಾವ ತಿಂಗಳಲ್ಲಾದರೂ ಕಾಯಿ ಬಿಡುತ್ತದೆ, ಚಪ್ಪರ ಬೇಡ. ಆದರೆ ಇದು ಎಳೆಯ ಕಾಯನ್ನು ಇಡಿಯಾಗಿ ಹೆಚ್ಚಿ ಪಲ್ಯ ಮಾಡುವ ತಳಿ. ಹಿತಕಿದ ಬೇಳೆ ಸಾರು, ಕೈಗೆ ಅಂಟುವ ಸೊಗಡು, ಇವನ್ನು ಬಯಸಿ ಏಪ್ರಿಲ್‌ನಲ್ಲಿ ಇದನ್ನು ಬೆಳೆದರೆ ನಿರಾಸೆ ಖಂಡಿತ.

ಮೆಣಸಿನಕಾಯಿಗೆ ಅರ್ಕಾ ಮೇಘನಾ ಹೈಬ್ರಿಡ್ ಪರವಾಗಿಲ್ಲ, ಅಷ್ಟೆ. ಎಲೆ ಮುದುಡಿದ ಕೂಡಲೇ ಕೈಗೆ ಸಿಕ್ಕಿದ್ದನ್ನು ಸಿಂಪಡಿಸಬೇಡಿ. ದೋಣಿಯಂತೆ ಮೇಲ್ಮುಖವಾಗಿ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕದಡಿ ಸಂಜೆ ಹೊಡೆಯಿರಿ. ಕೆಳಮುಖವಾಗಿ ಬಾಗಿ ಎಲೆ ಉದ್ದಕ್ಕೆ ಎಳೆದಂತಿದ್ದರೆ ನುಸಿ. ಅದಕ್ಕೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಬಿಸಿಲಿಲ್ಲದ ಹೊತ್ತಲ್ಲಿ. ಬೇವಿನೆಣ್ಣೆ ಹೊಡೆದ ಮೇಲೆ ಎರಡು ವಾರ ಗಂಧಕ ಮುಟ್ಟಬಾರದು, ಎಲೆ ಸುಡುತ್ತದೆ.

ಈ ಬೀಜಗಳಲ್ಲೆಲ್ಲ ತಾರಸಿಗೆ ಹೇಳಿ ಮಾಡಿಸಿದ್ದೆಂದರೆ ಸೊಪ್ಪಿನವು. ಅರ್ಕಾ ಸುಗುಣ ದಂಟಿನ ಸೊಪ್ಪು ಬಿತ್ತಿದ 25ರಿಂದ 30 ದಿನಕ್ಕೆ ಮೊದಲ ಕಟಾವಿಗೆ ಬರುತ್ತದೆ. ಬೇರು ಸಮೇತ ಕೀಳದೆ ನಾಲ್ಕು ಬೆರಳು ಬುಡ ಬಿಟ್ಟು ಕೊಯ್ದರೆ ಮೂರು ತಿಂಗಳಲ್ಲಿ ಐದಾರು ಸಲ ಸಿಗುತ್ತದೆ. ಎಲೆ ಅಗಲ, ದಂಟು ಎಳೆಯದು, ಬಸ್ಸಾರಿಗೆ ಚೆನ್ನಾಗಿ ಬೇಯುತ್ತದೆ. ಕೆಂಪು ಬೇಕಿದ್ದರೆ ಅರ್ಕಾ ಅರುಣಿಮ. ಬೀಜ ರಾಗಿಗಿಂತ ಸಣ್ಣದು. ಒಂದು ಚಮಚ ಬೀಜಕ್ಕೆ ಹತ್ತು ಚಮಚ ಒಣ ಮರಳು ಬೆರೆಸಿ ಚೆಲ್ಲಿ, ಮೇಲೆ ಎರೆಗೊಬ್ಬರವನ್ನು ಜರಡಿಯಲ್ಲಿ ಉದುರಿಸಿದರೆ ಸಾಕು. ಎರಡು ದಿನದಲ್ಲಿ ಚೀಲ ಖಾಲಿ ಕಂಡರೆ ಬೀಜವನ್ನು ಬೈಯಬೇಡಿ, ಇರುವೆಯನ್ನು ನೋಡಿ. ಚೀಲದ ಸುತ್ತ ಒಂದು ಹಿಡಿ ಅಕ್ಕಿ ನುಚ್ಚು ಚೆಲ್ಲಿದರೆ ಅವು ಅದನ್ನು ಹೊರುವುದರಲ್ಲೇ ಮಗ್ನವಾಗಿ ಬೀಜ ಬಿಡುತ್ತವೆ.

ಕೊತ್ತಂಬರಿಗೆ ಅರ್ಕಾ ಇಶಾ. ಮಾಮೂಲಿ ಧನಿಯಾ ಬಿತ್ತಿದರೆ ಬಿಸಿಲಿಗೆ ಬೇಗ ಹೂದಂಟು ಎಬ್ಬಿಸಿಬಿಡುತ್ತದೆ. ಇಶಾ ಪೊದೆಯಾಗಿ ನಿಂತು ಹೂವಿಗೆ ತಡಮಾಡುತ್ತದೆ, ಮೊದಲ ಕೊಯ್ಲು ಸುಮಾರು 40 ದಿನಕ್ಕೆ, ಆಮೇಲೂ ಚಿಗುರುತ್ತದೆ. ಆದರೆ ಮಾರ್ಚ್ ನಡುವಿನ ಮೇಲೆ ಶೇಕಡ 50ರ ನೆರಳು ಪರದೆ ಇಲ್ಲದಿದ್ದರೆ ಇದೂ ಕೈಕೊಡುತ್ತದೆ. ಕೊತ್ತಂಬರಿ ಬೀಜವೆಂದು ಕಾಣುವ ಗುಂಡಿನೊಳಗೆ ಎರಡು ಬೀಜಗಳಿವೆ. ಬಟ್ಟೆಯ ಮೇಲೆ ಹರಡಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ: 'ಚಟ್' ಎಂದು ಇಬ್ಭಾಗವಾಗಬೇಕು, ಪುಡಿಯಾಗಬಾರದು. ಹನ್ನೆರಡು ತಾಸು ನೆನೆಸಿ, ಅರ್ಧ ಇಂಚು ಆಳಕ್ಕೆ ಸಾಲಾಗಿ ಹಾಕಿದರೆ ಎಂಟು ಹತ್ತು ದಿನದಲ್ಲಿ ಮೊಳಕೆ.

ಬೀಜದ ಜೊತೆಗೆ ಸಂಸ್ಥೆಯ ಇನ್ನೆರಡು ಸರಕು ಮನೆ ತೋಟದವರ ಕೈಗೆ ಬಂದಿವೆ. ಒಂದು ಅರ್ಕಾ ವೆಜಿಟೆಬಲ್ ಸ್ಪೆಷಲ್, ಎಲೆಗೆ ಸಿಂಪಡಿಸುವ ಲಘು ಪೋಷಕಾಂಶಗಳ ಪುಡಿ. ಬೋರ್‌ವೆಲ್ ನೀರಿನ ತಾರಸಿಗೆ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಗಡಸು ನೀರು ಕುಡಿದ ಮಣ್ಣು ಕ್ಷಾರವಾಗಿ ಕಬ್ಬಿಣ, ಸತು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ, ಎಳೆ ಎಲೆ ನರದ ನಡುವೆ ಬಿಳುಚುತ್ತದೆ. ಎಲೆಯ ಮೂಲಕ ಕೊಟ್ಟರೆ ಆ ತೊಡಕು ತಪ್ಪುತ್ತದೆ. ಟೊಮೇಟೊಗೆ ಹೇಳಿರುವ ಅಳತೆ 15 ಲೀಟರ್ ಟ್ಯಾಂಕಿಗೆ 75 ಗ್ರಾಂ ಪುಡಿ, ಎರಡು ನಿಂಬೆಹಣ್ಣಿನ ರಸ, ಒಂದು ಸ್ಯಾಶೆ ಶಾಂಪೂ. ಒಂದು ಲೀಟರಿನ ಕೈಪಂಪಿಗೆ ಇಳಿಸಿದರೆ 5 ಗ್ರಾಂ ಪುಡಿ, ಸಣ್ಣ ಚಮಚ ನಿಂಬೆರಸ, ಏಳೆಂಟು ಹನಿ ಶಾಂಪೂ. ನಿಂಬೆ ಗಡಸು ನೀರಿನ ಕ್ಷಾರ ಇಳಿಸುತ್ತದೆ, ಶಾಂಪೂ ಹನಿಯನ್ನು ಎಲೆಗೆ ಅಂಟಿಸುತ್ತದೆ. ಅವನ್ನು ಬಿಟ್ಟು ಬರೀ ಪುಡಿ ಹೊಡೆದು ಫಲವಿಲ್ಲ ಎನ್ನುವವರೇ ಹೆಚ್ಚು. ಪ್ರಮಾಣ ಬೆಳೆಯಿಂದ ಬೆಳೆಗೆ ಬೇರೆ, ಬೀನ್ಸ್‌ಗೆ ಹಾಕುವ ಮುಂಚೆ ಪೊಟ್ಟಣ ಓದಿ. ಇದು ಗೊಬ್ಬರಕ್ಕೆ ಬದಲಿ ಅಲ್ಲ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ತೊಳೆದ ಕೋಕೋಪೀಟ್, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ, ಈ ಬುನಾದಿ ಇದ್ದೇ ಇರಬೇಕು.

ಇನ್ನೊಂದು ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ: ಸಾರಜನಕ ಹಿಡಿಯುವ, ರಂಜಕ ಮತ್ತು ಸತುವನ್ನು ಕರಗಿಸುವ ಸೂಕ್ಷ್ಮಜೀವಿಗಳ ಪುಡಿ. ಲೀಟರ್ ನೀರಿಗೆ 20 ಗ್ರಾಂ ಕದಡಿ, ನೆಟ್ಟ ಹತ್ತು ದಿನಕ್ಕೆ ಬುಡಕ್ಕೆ ಹೊಯ್ಯುವುದು. ಜೀವವಿರುವ ಸರಕಾದ್ದರಿಂದ ಅವಧಿ ಮೀರಿದ ಪೊಟ್ಟಣ ಬರೀ ಬೂದಿ. ನಲ್ಲಿಯ ಕಾವೇರಿ ನೀರಲ್ಲಿ ಕ್ಲೋರಿನ್ ಇರುವುದರಿಂದ ಬಕೆಟ್ಟಿನಲ್ಲಿ ಹಿಡಿದು ಒಂದು ರಾತ್ರಿ ತೆರೆದಿಡಿ. ತಾಮ್ರದ ಶಿಲೀಂಧ್ರನಾಶಕ ಬಳಸಿದ ಚೀಲಕ್ಕೆ ಇದನ್ನು ಹಾಕಿ ಪ್ರಯೋಜನವಿಲ್ಲ.

ಕೊಳ್ಳುವ ಮಾತು. ಸಂಸ್ಥೆಯ ಮಾರಾಟ ಮಳಿಗೆಯಲ್ಲೂ ಅದರ ಆನ್‌ಲೈನ್ ಬೀಜ ಪೋರ್ಟಲ್‌ನಲ್ಲೂ ಸಿಗುತ್ತವೆ, ಎಲ್ಲ ತಳಿ ಎಲ್ಲ ಕಾಲಕ್ಕೂ ಇರುವುದಿಲ್ಲ. ದೊಡ್ಡ ತೊಡಕೆಂದರೆ ರೈತರ ಅಳತೆಯ ಪೊಟ್ಟಣ. ಒಂದು ಗ್ರಾಂ ಟೊಮೇಟೊದಲ್ಲೇ ಸುಮಾರು 300 ಬೀಜ, ಆರು ಚೀಲದ ಮನೆಗೆ ಅದೇ ಏಳು ಜನ್ಮಕ್ಕೆ ಸಾಕು. ನಾಲ್ಕೈದು ಮನೆ ಸೇರಿ ಹಂಚಿಕೊಂಡರೆ ಮಾತ್ರ ಲೆಕ್ಕಕ್ಕೆ ಕೂರುತ್ತದೆ. ಪೊಟ್ಟಣದಲ್ಲಿ ಪರೀಕ್ಷೆಯ ದಿನಾಂಕ ನೋಡಿ. ಬೀಜದ ಬಾಳಿಕೆಯ ಲೆಕ್ಕ ಅಲ್ಲಿಂದ 9 ತಿಂಗಳು. ಮೊಳಕೆ ಪ್ರಮಾಣಕ್ಕೆ ಬೆಂಡೆಯಲ್ಲಿ ಶೇಕಡ 65, ಮೆಣಸಿನಕಾಯಿಯಲ್ಲಿ 60 ಕನಿಷ್ಠ. ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ಮುಂದಿನ ಸಲ ಬಿತ್ತುವ ಮೊದಲು ಒದ್ದೆ ಬಟ್ಟೆಯಲ್ಲಿ ಇಪ್ಪತ್ತು ಬೀಜ ಸುತ್ತಿ ಮೊಳಕೆ ಎಣಿಸಿಕೊಳ್ಳಿ.

ರಕ್ಷಕ್, ಮೇಘನಾ ಹೈಬ್ರಿಡ್‌ಗಳಾದ್ದರಿಂದ ಅವುಗಳ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಗಿಡ ತಾಯಿಯಂತಿರುವುದಿಲ್ಲ. ಬೀನ್ಸ್, ಅವರೆ, ಕೊತ್ತಂಬರಿ, ದಂಟು ಎತ್ತಿಡಬಹುದು. ಸುಗುಣ ಮತ್ತು ಅರುಣಿಮ ಎರಡನ್ನೂ ಒಂದೇ ತಾರಸಿಯಲ್ಲಿ ಹೂವಿಗೆ ಬಿಡಬೇಡಿ, ಪರಾಗ ಗಾಳಿಯಲ್ಲಿ ಹಾರಿ ಮರುವರ್ಷ ಹಸಿರೂ ಅಲ್ಲದ ಕೆಂಪೂ ಅಲ್ಲದ ದಂಟು ಏಳುತ್ತದೆ.