ಅಪ್‌ಗ್ರೇಡ್ ಒತ್ತುವ ಮುಂಚೆ ಓದಿ: ಹಳೇ ಓಎಸ್ ವಾಪಸ್ ಬಂತು, ನನ್ನ ಎರಡು ವರ್ಷದ ಕೆಲಸ ಬರಲಿಲ್ಲ

ಲ್ಯಾಪ್‌ಟಾಪಿನ ಮೂಲೆಯಲ್ಲಿ ಓಎಸ್‌ನ, ಅಂದರೆ ಇಡೀ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರಿನ, ಹೊಸ ಆವೃತ್ತಿ ಬಂದಿದೆ ಅಂತ ತೋರಿಸುತ್ತಿದೆಯಾ? ಇವತ್ತು ರಾತ್ರಿ ಒತ್ತಿ ಮಲಗಿಬಿಡೋಣ ಅಂದುಕೊಂಡಿದ್ದೀರಾ? ಸ್ವಲ್ಪ ತಡೆಯಿರಿ. ನನಗೆ ಆಗಿದ್ದನ್ನು ಓದಿ, ಆಮೇಲೆ ಒತ್ತಿ.

ನಮ್ಮ ಅಜ್ಜಿ ಇದ್ದಾಗ ಅವರ ಮಾತುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಿದ್ದೆ. ಒಂದು ದಿನ ಅರ್ಧ ಗಂಟೆ, ಇನ್ನೊಂದು ದಿನ ಎರಡು ಗಂಟೆ, ಹೀಗೆ ಎಲ್ಲ ಸೇರಿ ಸುಮಾರು 90 ಗಂಟೆ ಆಗಿತ್ತು. ಅವರು ಹೋದ ಮೇಲೆ ಅದನ್ನೆಲ್ಲ ಒಂದು ಆಡಿಯೋ ಸಾಫ್ಟ್‌ವೇರಿಗೆ ಹಾಕಿಕೊಂಡು, ರಾತ್ರಿ ಕೆಲಸ ಮುಗಿದ ಮೇಲೆ ಕೂತು ಕೇಳುತ್ತಾ, ಎಲ್ಲಿ ಏನು ಹೇಳಿದ್ದಾರೆ ಅಂತ ಮಾರ್ಕರ್ ಹಾಕುತ್ತಾ ಹೋದೆ. ಮಾರ್ಕರ್ ಅಂದರೆ ರೆಕಾರ್ಡಿಂಗ್‌ನಲ್ಲಿ ಒಂದು ಜಾಗಕ್ಕೆ ಅಂಟಿಸುವ ಚೀಟಿ ಅಂದುಕೊಳ್ಳಿ. "ಇಲ್ಲಿ ಅಜ್ಜಿ ನಗುತ್ತಾರೆ", "ಮದುವೆ ದಿನ ಮಳೆ ಬಂದಿದ್ದು", "ಈ ಹೆಸರು ಯಾರದು, ದೊಡ್ಡಮ್ಮನ್ನ ಕೇಳಬೇಕು", ಹೀಗೆ. ಎಲ್ಲ ಕನ್ನಡದಲ್ಲೇ ಬರೆದಿದ್ದೆ. ಎರಡು ವರ್ಷದಲ್ಲಿ ಅಂಥ ಚೀಟಿಗಳು 3,000 ದಾಟಿದ್ದವು.

ಲ್ಯಾಪ್‌ಟಾಪ್ ಯಾವುದು, ಸಾಫ್ಟ್‌ವೇರ್ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ "ನಂದು ಅದಲ್ಲ ಬಿಡು" ಅಂತ ಅರ್ಧಕ್ಕೇ ನಿಲ್ಲಿಸುತ್ತೀರಿ. ಇದು ಯಾವ ಸಿಸ್ಟಮ್‌ನಲ್ಲಾದರೂ ಆಗುವಂಥದ್ದು.

ಹೊಸ ಓಎಸ್ ಬಂದಾಗ ನಾನು ಒಂದು ತಿಂಗಳು "ಆಮೇಲೆ ನೆನಪಿಸು" ಒತ್ತುತ್ತಾ ಬಂದೆ. ಒಂದು ಶುಕ್ರವಾರ ರಾತ್ರಿ ಅಪ್‌ಗ್ರೇಡ್ ಒತ್ತಿದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಫೋಟೋ, ಫೈಲು, ಬ್ರೌಸರ್ ಎಲ್ಲ ಇದ್ದಲ್ಲೇ ಇತ್ತು. ಸದ್ಯ, ಏನೂ ಆಗಲಿಲ್ಲ ಅಂತ ಖುಷಿಪಟ್ಟೆ.

ಬೆಳಿಗ್ಗೆ ಆಡಿಯೋ ಸಾಫ್ಟ್‌ವೇರ್ ತೆರೆದರೆ ಅದು ತೆರೆದುಕೊಳ್ಳಲೇ ಇಲ್ಲ. ಈ ಆವೃತ್ತಿ ಈ ಓಎಸ್‌ನಲ್ಲಿ ಓಡುವುದಿಲ್ಲ, ಹೊಸದನ್ನು ಹಾಕಿಕೊಳ್ಳಿ ಅಂತ ಒಂದು ಸಂದೇಶ. ಸರಿ ಅಂತ ಹಾಕಿಕೊಂಡೆ. ಹೊಸದು ತೆರೆದ ತಕ್ಷಣ ಇನ್ನೊಂದು ಪ್ರಶ್ನೆ: ನಿಮ್ಮ ಲೈಬ್ರರಿ (ಅಂದರೆ ನನ್ನ ರೆಕಾರ್ಡಿಂಗ್, ಮಾರ್ಕರ್ ಎಲ್ಲ ಇರುವ ಸಂಗ್ರಹ) ಹಳೆಯ ಮಾದರಿಯಲ್ಲಿದೆ, ಹೊಸ ಮಾದರಿಗೆ ಬದಲಾಯಿಸಬೇಕು, ಮುಂದುವರಿಯಲೇ? ಕೆಳಗೆ ಎರಡೇ ಬಟನ್. ಒಂದು "ಮುಂದುವರಿಸು", ಇನ್ನೊಂದು "ಮುಚ್ಚು". ನಾನು ಮುಂದುವರಿಸು ಒತ್ತಿದೆ. ಯಾರಾದರೂ ಅದನ್ನೇ ಒತ್ತುತ್ತಾರೆ, ಅಲ್ವಾ?

ಎಲ್ಲ ಕೆಟ್ಟಿದ್ದು ಆ ಒಂದು ಒತ್ತಿನಲ್ಲಿ. ಓಎಸ್ ಅಪ್‌ಗ್ರೇಡ್ ಆದಾಗಲ್ಲ.

ಲೈಬ್ರರಿ ತೆರೆದುಕೊಂಡಿತು. ಆಡಿಯೋ ಎಲ್ಲ ಇತ್ತು. ಮಾರ್ಕರ್‌ಗಳೂ ಇದ್ದವು, ತಮ್ಮ ತಮ್ಮ ಜಾಗದಲ್ಲೇ. ಆದರೆ ಪ್ರತಿಯೊಂದರ ಮೇಲೂ "?????? ????????" ಅಂತ ಇತ್ತು. ಒಂದನ್ನು ಒತ್ತಿ ನೋಡಿದೆ. ಇನ್ನೊಂದನ್ನು ಒತ್ತಿದೆ. ಕೆಳಗೆ ಸರಿಸುತ್ತಾ ಹೋದೆ, ಹೋದಷ್ಟೂ ಬರೀ ಪ್ರಶ್ನೆ ಗುರುತು. ನಡುನಡುವೆ ಅಂಕಿಗಳು ಮಾತ್ರ ಉಳಿದಿದ್ದವು, "?????? 1962 ?????" ಅಂತ. 1962ರಲ್ಲಿ ಏನಾಯಿತು ಅಂತ ನಾನೇ ಬರೆದಿದ್ದೆ, ಏನು ಅಂತ ನನಗೇ ಗೊತ್ತಿಲ್ಲ.

ಮೊದಲು ಇದು ಫಾಂಟ್ ತೊಂದರೆ ಇರಬೇಕು ಅಂದುಕೊಂಡೆ. ಕನ್ನಡದಲ್ಲಿ ಕೆಲಸ ಮಾಡುವವರು ಈ ವ್ಯತ್ಯಾಸ ದಯವಿಟ್ಟು ತಿಳಿದಿಟ್ಟುಕೊಳ್ಳಿ. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಸಾಮಾನ್ಯವಾಗಿ ಫಾಂಟ್ ಇಲ್ಲ ಅಂತ ಅರ್ಥ, ಬರೆದದ್ದು ಒಳಗೆ ಹಾಗೇ ಇರುತ್ತದೆ. "à²•" ಥರ ವಿಚಿತ್ರ ಅಕ್ಷರಗಳು ಕಂಡರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಅಂಕಿಗಳಾಗಿ ಉಳಿಸುವ ಪದ್ಧತಿ) ತಪ್ಪಾಗಿ ಓದಿಕೊಂಡಿದೆ ಅಂತ ಅರ್ಥ, ಅದನ್ನೂ ಎಷ್ಟೋ ಸಲ ಸರಿಮಾಡಬಹುದು. ಆದರೆ ನಿಜವಾದ ಪ್ರಶ್ನೆ ಗುರುತುಗಳೇ ಉಳಿಸಿದ ಫೈಲಿನಲ್ಲಿ ಕೂತಿದ್ದರೆ, ಮುಗಿಯಿತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅಂತಲೇ 128 ಸ್ಥಾನಗಳ ಒಂದು ಜಾಗ ಇದೆ. ಹಳೆಯ ಪಾಶ್ಚಾತ್ಯ ಎನ್‌ಕೋಡಿಂಗ್‌ಗಳಲ್ಲಿ ಇರುವುದು ಒಟ್ಟು 256 ಸ್ಥಾನ, ಅದರಲ್ಲಿ ಕನ್ನಡ ಇಲ್ಲವೇ ಇಲ್ಲ. ಬದಲಾಯಿಸುವ ಪ್ರೋಗ್ರಾಮ್ ನಡುವೆ ಎಲ್ಲೋ ಅಂಥದ್ದೊಂದರ ಮೂಲಕ ಹಾದು ಬಂದರೆ, ಜಾಗ ಸಿಗದ ಪ್ರತಿ ಅಕ್ಷರಕ್ಕೂ ಒಂದೊಂದು ಪ್ರಶ್ನೆ ಗುರುತು ಇಟ್ಟು ಮುಂದೆ ಹೋಗುತ್ತದೆ. "ಅ" ಇದ್ದಲ್ಲೂ ಅದೇ, "ಳ" ಇದ್ದಲ್ಲೂ ಅದೇ. ಅದನ್ನು ಹಿಂದಕ್ಕೆ ತಿರುಗಿಸಲು ಯಾರಿಂದಲೂ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೆ ಒಂದಕ್ಷರವೂ ಹೋಗುತ್ತಿರಲಿಲ್ಲ. ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ನಮ್ಮ ಭಾಷೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿ ನೋಡಿದ್ದರೂ ಈ ಬಗ್ ಸಿಕ್ಕಿಬೀಳುತ್ತಿತ್ತು.

ಭಾನುವಾರ ಹಳೆಯ ಓಎಸ್‌ಗೇ ವಾಪಸ್ ಹೋದೆ. ಅದು ಸರಿಯಾಗಿಯೇ ಆಯಿತು, ಹಳೆಯ ಸಾಫ್ಟ್‌ವೇರ್ ಕೂಡ ಸಲೀಸಾಗಿ ಓಡಿತು. ಆದರೆ ಲೈಬ್ರರಿ ತೆರೆಯಲು ಹೋದರೆ, ಇದು ಹೊಸ ಆವೃತ್ತಿಯಲ್ಲಿ ಮಾಡಿದ್ದು, ನನ್ನಿಂದ ಓದಲು ಆಗುವುದಿಲ್ಲ ಅಂದಿತು. ವಾಪಸ್ ಬಂದಿದ್ದು ಓಎಸ್ ಮಾತ್ರ. ನನ್ನ ಲೈಬ್ರರಿ ಮುಂದಕ್ಕೆ ಹೋಗಿದ್ದು ಅಲ್ಲೇ ಉಳಿದಿತ್ತು.

ಬ್ಯಾಕಪ್ ಇರಲಿಲ್ಲವಾ ಅಂತ ಕೇಳುತ್ತೀರಿ. ಇತ್ತು. ಒಂದು ಹಾರ್ಡ್ ಡಿಸ್ಕ್ ಸದಾ ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಇರುತ್ತಿತ್ತು, ದಿನಾ ರಾತ್ರಿ ತಾನೇ ಕಾಪಿ ಮಾಡಿಕೊಳ್ಳುತ್ತಿತ್ತು. ಶನಿವಾರ ರಾತ್ರಿಯೂ ಮಾಡಿಕೊಂಡಿತು, ಹಳೇ ಫೈಲಿನ ಮೇಲೆ ಹೊಸ ಫೈಲನ್ನು, ಪ್ರಶ್ನೆ ಗುರುತುಗಳ ಸಮೇತ. ನಾನು ಬ್ಯಾಕಪ್ ಅಂತ ನಂಬಿಕೊಂಡಿದ್ದು ಬರೀ ಕನ್ನಡಿ. ಇಲ್ಲಿ ಕೆಟ್ಟರೆ ಅಲ್ಲೂ ಕೆಡುತ್ತದೆ. ಕ್ಲೌಡ್ ಸಿಂಕ್ ಇದ್ದರೂ ಅಷ್ಟೇ, ಇಲ್ಲಿ ಬದಲಾಗಿದ್ದು ಅಲ್ಲೂ ಬದಲಾಗುತ್ತದೆ. ಕೆಲವು ಕ್ಲೌಡ್ ಸೇವೆಗಳು ಫೈಲಿನ ಹಿಂದಿನ ಆವೃತ್ತಿಗಳನ್ನು ಸ್ವಲ್ಪ ದಿನ ಇಟ್ಟುಕೊಂಡಿರುತ್ತವೆ, ನಿಮಗೂ ಹೀಗೇ ಆಗಿದ್ದರೆ ಮೊದಲು ಅಲ್ಲಿ ನೋಡಿ, ತಡ ಮಾಡಬೇಡಿ. ನನ್ನ ಲೈಬ್ರರಿ ಸಿಂಕ್ ಆಗುವ ಫೋಲ್ಡರಿನಲ್ಲೇ ಇರಲಿಲ್ಲ. ಸಾಫ್ಟ್‌ವೇರ್ ಅದನ್ನು ತನ್ನದೇ ಒಂದು ಮೂಲೆ ಫೋಲ್ಡರಿನಲ್ಲಿ ಇಟ್ಟುಕೊಂಡಿತ್ತು, ಅದು ನನಗೆ ಗೊತ್ತಾಗಿದ್ದು ಆಮೇಲೆ.

ಕೊನೆಗೆ ಒಂದು ಪೆನ್‌ಡ್ರೈವ್‌ನಲ್ಲಿ ಏಳು ತಿಂಗಳ ಹಿಂದಿನ ಕಾಪಿ ಸಿಕ್ಕಿತು. ತಂಗಿಗೆ ಕೇಳಿಸಲು ಅಂತ ಯಾವಾಗಲೋ ಹಾಕಿದ್ದು. ಅದರಿಂದ 1,900 ಚಿಲ್ಲರೆ ಮಾರ್ಕರ್ ವಾಪಸ್ ಬಂದವು. ಉಳಿದವು ಹೋದವು.

ಇಂಥದ್ದು ಆಗುತ್ತಲೇ ಇರುತ್ತದೆ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ 1809 ಅಪ್‌ಡೇಟ್ ಬಂದಾಗ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರಿನ ಫೈಲುಗಳೇ ಅಳಿಸಿಹೋದವು. ಆ ಫೋಲ್ಡರುಗಳನ್ನು ಬೇರೆ ಕಡೆಗೆ ಸರಿಸಿಕೊಂಡಿದ್ದವರ ಹಳೇ ಜಾಗದಲ್ಲಿ ಉಳಿದಿದ್ದ ಫೈಲುಗಳನ್ನು ಅಪ್‌ಡೇಟ್ ತೆಗೆದುಹಾಕಿತ್ತು. ಮೈಕ್ರೋಸಾಫ್ಟ್ ಅದನ್ನು ಕೆಲವೇ ದಿನಗಳೊಳಗೆ ನಿಲ್ಲಿಸಿ, ಸರಿಮಾಡಿ ನವೆಂಬರಿನಲ್ಲಿ ಮತ್ತೆ ಬಿಟ್ಟಿತು. ಮೊದಲ ವಾರವೇ ಒತ್ತಿದವರಿಗೆ ಪೆಟ್ಟು ಬಿತ್ತು, ಕಾದವರು ಬಚಾವಾದರು. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾದಲ್ಲಿ 32 ಬಿಟ್ ಆ್ಯಪ್‌ಗಳು (ಹಳೇ ಕಾಲದ ಪ್ರೊಸೆಸರ್ ಮಾದರಿಗೆ ಬರೆದವು) ಓಡುವುದೇ ನಿಂತುಹೋಯಿತು. ಅದು ಬಗ್ ಅಲ್ಲ, ಆ್ಯಪಲ್ ಮೊದಲೇ ಹೇಳಿ ಮಾಡಿದ್ದು. ಆದರೆ ಮಾಡಿದ ಕಂಪನಿಯೇ ಮುಚ್ಚಿಹೋದ ಹಳೇ ಪ್ಲಗಿನ್ (ಸಾಫ್ಟ್‌ವೇರಿಗೆ ಜೋಡಿಸುವ ಸಣ್ಣ ತುಣುಕು) ನೆಚ್ಚಿಕೊಂಡು ಕೂತವರಿಗೆ ಬಗ್ ಆದರೇನು, ನಿರ್ಧಾರ ಆದರೇನು? ಐಫೋನಿನಲ್ಲಿ ಇದೇ ಕೆಲಸ 2017ರಲ್ಲಿ ಐಓಎಸ್ 11ರ ಜೊತೆ ಆಗಿತ್ತು. ಆಂಡ್ರಾಯ್ಡ್ 14ರಲ್ಲಿ, ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಮಟ್ಟಕ್ಕೆ ಬರೆದ ಆ್ಯಪ್‌ಗಳನ್ನು ಹೊಸದಾಗಿ ಹಾಕಿಕೊಳ್ಳಲು ಬಿಡುವುದಿಲ್ಲ.

ವಾಪಸ್ ಹೋಗಬಹುದಲ್ಲ ಅನ್ನುವ ಧೈರ್ಯದ ಮೇಲೂ ಜಾಸ್ತಿ ಭರವಸೆ ಬೇಡ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 10 ದಿನ ಮಾತ್ರ ಆ ಅವಕಾಶ ಇರುತ್ತದೆ, ಆಮೇಲೆ ಹಳೆಯ ಫೈಲುಗಳನ್ನು ಅದೇ ಅಳಿಸಿಹಾಕುತ್ತದೆ. ಐಫೋನಿನಲ್ಲಿ ಹೊಸ ಐಓಎಸ್ ಬಂದು ಸ್ವಲ್ಪ ಸಮಯಕ್ಕೆ ಆ್ಯಪಲ್ ಹಳೆಯದಕ್ಕೆ ಸಹಿ ಹಾಕುವುದನ್ನೇ (ಅಂದರೆ ಹಾಕಿಕೊಳ್ಳಲು ಒಪ್ಪಿಗೆ ಕೊಡುವುದನ್ನೇ) ನಿಲ್ಲಿಸುತ್ತದೆ, ಆಮೇಲೆ ಹಿಂದಕ್ಕೆ ಹೋಗಲು ದಾರಿಯಿಲ್ಲ. ಆಂಡ್ರಾಯ್ಡ್‌ನಲ್ಲಿ ಹಿಂದಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಫೋನನ್ನೇ ಪೂರ್ತಿ ಅಳಿಸಬೇಕು. ಅವಕಾಶ ಇದ್ದರೂ ನನ್ನ ಹಾಗೆ ಫೈಲು ಮುಂದಕ್ಕೆ ಹೋಗಿಬಿಟ್ಟಿರಬಹುದು. ಫೋಟೋ ಲೈಬ್ರರಿ, ಮೇಲ್, ನೋಟ್ಸ್, ಲೆಕ್ಕದ ಸಾಫ್ಟ್‌ವೇರ್, ಒಳಗೆ ಡೇಟಾಬೇಸ್ ಇಟ್ಟುಕೊಂಡ ಯಾವುದಾದರೂ ಮೊದಲ ಸಲ ತೆರೆದಾಗ ತನ್ನ ಡೇಟಾವನ್ನು ಹೊಸ ಮಾದರಿಗೆ ತಿರುಗಿಸಿಕೊಳ್ಳಬಹುದು. ಎಷ್ಟೋ ಸಲ ಕೇಳುವುದೂ ಇಲ್ಲ.

ಹಾಗಂತ ಎಲ್ಲ ಅಪ್‌ಡೇಟ್ ನಿಲ್ಲಿಸಬೇಡಿ, ಕೈ ಮುಗಿದು ಹೇಳುತ್ತೇನೆ. ತಿಂಗಳು ತಿಂಗಳು ಬರುವ ಸೆಕ್ಯುರಿಟಿ ಅಪ್‌ಡೇಟ್ ಬೇರೆ, ಇಡೀ ಓಎಸ್ ಬದಲಾಗುವ ಅಪ್‌ಗ್ರೇಡ್ ಬೇರೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಅನ್ನುವ ವೈರಸ್ ಹಬ್ಬಿದಾಗ, ಅದು ನುಗ್ಗಿದ ತೂತನ್ನು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದೆ ಬಿಟ್ಟವರ ಕಂಪ್ಯೂಟರುಗಳೇ ಜಾಸ್ತಿ ಸಿಕ್ಕಿಬಿದ್ದವು. ಸಣ್ಣದನ್ನು ಬೇಗ ಹಾಕಿ. ದೊಡ್ಡದಕ್ಕೆ ಸಮಯ ತೆಗೆದುಕೊಳ್ಳಿ, ಹಳೆಯದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತಿರುವ ತನಕ ಆತುರವೇನೂ ಇಲ್ಲ.

ನಾನು ಈಗ ಏನು ಮಾಡುತ್ತೇನೆ ಅಂದರೆ, ದೊಡ್ಡ ಅಪ್‌ಗ್ರೇಡ್ ಬಂದಾಗ ಮೊದಲು ಒಂದು ಹಾಳೆಯಲ್ಲಿ ನನಗೆ ಬೇಕೇ ಬೇಕಾದ ಸಾಫ್ಟ್‌ವೇರ್‌ಗಳ ಹೆಸರು ಬರೆದುಕೊಂಡು, ಒಂದೊಂದನ್ನೂ ಮಾಡಿದವರ ಸೈಟಿಗೆ ಹೋಗಿ ಹೊಸ ಓಎಸ್‌ನಲ್ಲಿ ಓಡುತ್ತದಾ ಅಂತ ನೋಡುತ್ತೇನೆ, ಉತ್ತರ ಇಲ್ಲದಿದ್ದರೆ ಓಡುವುದಿಲ್ಲ ಅಂತಲೇ ಎಣಿಸುತ್ತೇನೆ. ಪ್ರಿಂಟರ್, ಸ್ಕ್ಯಾನರ್, ಮೈಕ್ ಹಾಕುವ ಆಡಿಯೋ ಡಬ್ಬಿ ಇವುಗಳ ಡ್ರೈವರನ್ನೂ (ಅವನ್ನು ಓಎಸ್ ಜೊತೆ ಮಾತಾಡಿಸುವ ಸಣ್ಣ ಸಾಫ್ಟ್‌ವೇರ್) ನೋಡುತ್ತೇನೆ. ಆಮೇಲೆ ಆ ಸಾಫ್ಟ್‌ವೇರ್ ಡೇಟಾ ಎಲ್ಲಿ ಇಟ್ಟುಕೊಂಡಿದೆ ಅಂತ ಹುಡುಕಿ, ಅದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಕೇಬಲ್ ಕಿತ್ತು ಬೀರುವಿನಲ್ಲಿ ಇಡುತ್ತೇನೆ. ಕಿತ್ತಿಡುವುದು ಮುಖ್ಯ. ಸಿಕ್ಕಿಸಿಯೇ ಇದ್ದರೆ ನನಗಾದದ್ದೇ ನಿಮಗೂ ಆಗುತ್ತದೆ. ಸಾಧ್ಯವಾದ ಕಡೆ ಮಾಮೂಲಿ ಟೆಕ್ಸ್ಟ್ ಫೈಲಾಗಿಯೂ ಎಕ್ಸ್‌ಪೋರ್ಟ್ ಮಾಡಿ, ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಿ, ತೆರೆದು ಕನ್ನಡ ಸರಿಯಾಗಿದೆಯಾ ಅಂತ ಕಣ್ಣಾರೆ ನೋಡುತ್ತೇನೆ. ನನ್ನ ಹಳೇ ಸಾಫ್ಟ್‌ವೇರಿನಲ್ಲೂ ಮಾರ್ಕರ್ ಪಟ್ಟಿ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಇತ್ತು. ಎರಡು ನಿಮಿಷದ ಕೆಲಸ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಬೇರೆಯವರು ಓದಲಾಗದ ಹಾಗೆ ಬೀಗ ಬಿದ್ದಿದ್ದರೆ, ಅದನ್ನು ತೆರೆಯುವ ರಿಕವರಿ ಕೀಯನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಈ ಬೀಗ ಹಾಕುವ ಬಿಟ್‌ಲಾಕರ್ ಕೆಲವೊಮ್ಮೆ ಅಪ್‌ಡೇಟ್ ಆದ ಮೇಲೆ 48 ಅಂಕಿಯ ಆ ಕೀ ಕೇಳುತ್ತದೆ, ಅದಿಲ್ಲದೆ ಒಳಗೆ ಬಿಡುವುದಿಲ್ಲ.

ಈಗಾಗಲೇ ಅಪ್‌ಗ್ರೇಡ್ ಆಗಿಹೋಗಿದೆ ಅಂದರೆ, ಮುಖ್ಯವಾದ ಸಾಫ್ಟ್‌ವೇರನ್ನು ಇನ್ನೂ ತೆರೆಯಬೇಡಿ. ಮೊದಲು ಡೇಟಾ ಫೋಲ್ಡರನ್ನು ಕಾಪಿ ಮಾಡಿ. ಆಮೇಲೆ ಆ ಕಾಪಿಯನ್ನು ತೆರೆದು ನೋಡಿ, ಮೂಲವನ್ನಲ್ಲ.

ನಾನು ಹಳೆಯ ಓಎಸ್ ಅನ್ನು ಒಂದು ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರಿನ ಒಳಗೇ ಸಾಫ್ಟ್‌ವೇರಿನಿಂದ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿ, ಅದರೊಳಗೆ ಹಳೆಯ ಸಾಫ್ಟ್‌ವೇರ್ ಓಡಿಸುತ್ತಿದ್ದೇನೆ, ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಹೋದ ಮಾರ್ಕರ್‌ಗಳನ್ನು ಮತ್ತೆ ಹಾಕುತ್ತಿದ್ದೇನೆ. ಒಂದು ಗಂಟೆಯ ರೆಕಾರ್ಡಿಂಗಿಗೆ ಮೂರು ಗಂಟೆ ಹಿಡಿಯುತ್ತದೆ. ಹೆಚ್ಚಿನವು ಕೇಳಿದರೆ ನೆನಪಾಗುತ್ತವೆ. ಆದರೆ ಅಜ್ಜಿ ಹೇಳುವ ಕೆಲವು ಹೆಸರುಗಳು ಯಾರವು ಅಂತ ದೊಡ್ಡಮ್ಮನನ್ನು ಕೇಳಿ ಬರೆದುಕೊಂಡಿದ್ದೆ. ಈಗ ದೊಡ್ಡಮ್ಮ ಇಲ್ಲ. ಆ ಜಾಗ ಬಂದಾಗ ಮಾರ್ಕರ್ ಹಾಕಿ, "ಹೆಸರು ಗೊತ್ತಿಲ್ಲ" ಅಂತ ಬರೆದು ಮುಂದೆ ಹೋಗುತ್ತೇನೆ.