ಐದಕ್ಕೆ ಮೂರು: ನನ್ನ ಪಿಕಪ್ಪಿನ ಡ್ಯಾಶ್‌ಕ್ಯಾಮ್, ಮತ್ತು ರಾತ್ರಿ ಹೈವೇಯಲ್ಲಿ ಕೈ ತೋರಿಸಿದ ಖಾಕಿ

ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಮುಂದಿನ ಗಾಜಿಗೆ ಅಂಟಿಸಿ ರಸ್ತೆಯ ವಿಡಿಯೊ ಹಿಡಿಯುವ ಈ ಕ್ಯಾಮೆರಾ ಕೆಟ್ಟದ್ದೇನಲ್ಲ. ಆದರೆ ಯಾವ ಕೆಲಸಕ್ಕೆ ಅಂತ ತಂದೆನೋ ಆ ಕೆಲಸ ಅದರಿಂದ ಆಗಲಿಲ್ಲ. ಅದಕ್ಕೇ ಐದಕ್ಕೆ ಮೂರು ಸ್ಟಾರ್. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳಬೇಕು, ಪುರುಸೊತ್ತಿದ್ದವರು ಓದಿ.

ನನ್ನದು ಬೊಲೆರೊ ಪಿಕಪ್. ಮುಳಬಾಗಿಲು ಕಡೆಯ ತೋಟಗಳಿಂದ ಟೊಮೆಟೊ ತುಂಬಿಕೊಂಡು ಕೋಲಾರದ ಎಪಿಎಂಸಿಗೆ ತರುತ್ತೇನೆ. ಹದಿನೈದು ಕೆಜಿಯ ಬಾಕ್ಸ್, ಒಂದು ಸಲಕ್ಕೆ ಸುಮಾರು ನೂರು. ಬೆಳಿಗ್ಗೆ ಹರಾಜಿಗೆ ಸರಿಯಾಗಿ ಮಾಲು ಮಂಡಿಯಲ್ಲಿ ಇಳಿದಿರಬೇಕು. ಹಾಗಾಗಿ ನಮ್ಮ ಓಡಾಟವೆಲ್ಲ ಊರು ಮಲಗಿದ ಮೇಲೆ.

ಹೋದ ವರ್ಷ ಒಂದು ರಾತ್ರಿ ಎರಡು ಗಂಟೆ ಇರಬಹುದು. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರದ ಕಡೆ ಬರುತ್ತಿದ್ದೆ. ರಸ್ತೆ ಬದಿ ಒಂದು ಬಿಳಿ ಕಾರು ನಿಂತಿತ್ತು. ಅದರ ಮೇಲೆ ಪೊಲೀಸ್ ಅಂತ ಬರೆದಿರಲಿಲ್ಲ, ಮೇಲೆ ದೀಪವೂ ಇಲ್ಲ. ಇಬ್ಬರು ಟಾರ್ಚ್ ಬೀಸಿ ನಿಲ್ಲಿಸಿದರು. ಖಾಕಿ ಪ್ಯಾಂಟು, ಮೇಲೆ ಕಪ್ಪು ಜರ್ಕಿನ್. ಚಳಿ ಇತ್ತು, ಜರ್ಕಿನ್ ಹಾಕಿದ್ದು ತಪ್ಪಲ್ಲ. ಆದರೆ ಜಿಪ್ ಕುತ್ತಿಗೆವರೆಗೂ ಏರಿಸಿದ್ದರಿಂದ ನೇಮ್ ಪ್ಲೇಟು, ಹೆಗಲ ಮೇಲಿನ ಸ್ಟಾರು ಯಾವುದೂ ಕಾಣಲಿಲ್ಲ. 'ಓವರ್‌ಲೋಡ್. ಕೇಸ್ ಹಾಕಿದ್ರೆ ಗಾಡಿ ಮೂರು ದಿನ ಸ್ಟೇಷನ್ನಲ್ಲಿ' ಅಂದರು. ಐದು ಸಾವಿರ ಕೇಳಿ ಎರಡು ಸಾವಿರಕ್ಕೆ ಬಂದರು. ಫೋನ್‌ಪೇ ಮಾಡ್ತೀನಿ ಸಾರ್ ಅಂದರೆ ಬೇಡ, ಕ್ಯಾಶ್ ಕೊಡು. ರಸೀದಿ ಕೇಳುವ ಧೈರ್ಯ ನನಗೂ ಬರಲಿಲ್ಲ.

ಅವರು ಪೊಲೀಸರೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಟೊಮೆಟೊ ಗಾಡಿಯವನ ಕಷ್ಟ ಇದೇ. ಗಾಡಿ ಒಂದು ದಿನ ನಿಂತರೆ ಕೆಳಗಿನ ಬಾಕ್ಸಿನಿಂದ ನೀರು ಸೋರಲು ಶುರು. ಕೇಳಿದ್ದು ಕೊಟ್ಟು ಹೋಗುತ್ತಾನೆ ಅಂತ ಎದುರಿನವನಿಗೂ ಗೊತ್ತಿರುತ್ತದೆ. ಜೊತೆಗೆ 2023ರ ಜುಲೈ ನೆನಪು ಬೇರೆ. ಆಗ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ಹಿರಿಯೂರು ಕಡೆಯಿಂದ ನಮ್ಮ ಕೋಲಾರಕ್ಕೇ ಹೊರಟಿದ್ದ ಗಾಡಿಯೊಂದನ್ನು ಬೆಂಗಳೂರಿನಲ್ಲಿ ಅಡ್ಡಗಟ್ಟಿ ಮಾಲಿನ ಸಮೇತ ಹೊಡೆದುಕೊಂಡು ಹೋಗಿದ್ದರು. ಅವರೇನೂ ಪೊಲೀಸ್ ವೇಷ ಹಾಕಿರಲಿಲ್ಲ, ನಮ್ಮ ಕಾರಿಗೆ ಗುದ್ದಿದೆ ಅಂತ ಜಗಳ ತೆಗೆದವರು. ಆದರೂ ರಾತ್ರಿ ಯಾರಾದರೂ ಕೈ ಅಡ್ಡ ಹಾಕಿದರೆ ಆ ಸುದ್ದಿಯೇ ತಲೆಗೆ ಬರುತ್ತದೆ.

ಅದಾದ ವಾರಕ್ಕೆ ಕ್ಯಾಮೆರಾ ತಂದೆ. ಕೋಲಾರದಲ್ಲೇ ಒಂದು ಕಾರ್ ಸಾಮಾನಿನ ಅಂಗಡಿ. ಹೆಸರು ಹೇಳುವುದಿಲ್ಲ, ಹುಡುಗ ಒಳ್ಳೆಯವನೇ. ಕ್ಯಾಮೆರಾ, 64 ಜಿಬಿ ಕಾರ್ಡು, ಫಿಟ್ಟಿಂಗ್ ಎಲ್ಲ ಸೇರಿ 5,400 ರೂಪಾಯಿ. 'ಅಣ್ಣಾ, ಇದೊಂದು ಇದ್ರೆ ಯಾವ ಪೊಲೀಸೂ ಮುಟ್ಟಲ್ಲ' ಅಂದ. ಆ ಮಾತಿಗೆ ನಾನು ದುಡ್ಡು ಕೊಟ್ಟಿದ್ದು.

ಹಗಲಿನ ವಿಡಿಯೊ ಚೆನ್ನಾಗಿದೆ. ಬಂಗಾರಪೇಟೆ ರಸ್ತೆಯಲ್ಲಿ ಒಬ್ಬ ಬೈಕಿನವನು ತಾನೇ ಬಂದು ತಾಗಿಸಿ ನನ್ನ ಮೇಲೆ ಕೂಗಾಡಿದಾಗ ವಿಡಿಯೊ ತೋರಿಸಿದೆ, ಸುಮ್ನೆ ಹೋದ. ಆ ಒಂದಕ್ಕೇ ಒಂದು ಸ್ಟಾರ್ ಕೊಡಬಹುದು. ಕಾರ್ಡು ತುಂಬಿದರೆ ಹಳೆಯದು ಅಳಿಸಿ ಹೊಸದು ಬರೆಯುತ್ತದೆ, ನನ್ನ ಲೆಕ್ಕದಲ್ಲಿ ಸುಮಾರು ಎಂಟು ಗಂಟೆಯ ಓಟ ಉಳಿಯುತ್ತದೆ. ಗಾಜಿಗೆ ಅಂಟಿಸುವ ರಬ್ಬರ್ ಕಪ್ ಮಾತ್ರ ದಂಡ. ಏಪ್ರಿಲ್ ಬಿಸಿಲಿಗೆ ಎರಡು ಸಲ ಕಳಚಿ ತೊಡೆ ಮೇಲೆ ಬಿತ್ತು. ಕೊನೆಗೆ ಡಬಲ್ ಟೇಪ್ ಹಾಕಿದೆ. ಡಬ್ಬಿಯಲ್ಲೇ ಟೇಪ್ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತೋ.

ಈಗ ನಿಜವಾದ ಪರೀಕ್ಷೆಗೆ ಬರುತ್ತೇನೆ.

ಈ ಸಲವೂ ಅದೇ ರಸ್ತೆ, ಬೆಳಗಿನ ಜಾವ ಮೂರೂವರೆ. ಪಕ್ಕದಲ್ಲಿ ನನ್ನ ಭಾಮೈದ ಗೊರಕೆ ಹೊಡೆಯುತ್ತಿದ್ದ. ದೂರದಲ್ಲಿ ಜೀಪು, ಒಬ್ಬರು ಕೈ ತೋರಿಸಿದರು. ಎದೆ ಧಸಕ್ ಅಂತು. ಆದರೆ ಈ ಸಲ ಏನು ಮಾಡಬೇಕು ಅಂತ ಮನೆಯಲ್ಲೇ ಮಾತಾಡಿಕೊಂಡಿದ್ದೆವು. ಮಗಳು ಬಿಕಾಂ ಓದುತ್ತಾಳೆ, ಅವಳೇ ಕೂತು ಪಾಠ ಮಾಡಿದ್ದಳು. ಇಂಡಿಕೇಟರ್ ಹಾಕಿದೆ. ವೇಗ ಇಳಿಸಿದೆ. ಕಿಟಕಿಯಿಂದ ಕೈ ಹೊರಗೆ ಚಾಚಿ ಮುಂದೆ ನಿಲ್ಲಿಸ್ತೀನಿ ಅಂತ ಸನ್ನೆ ಮಾಡಿದೆ. ಇನ್ನೂರು ಅಡಿ ಮುಂದೆ ಪೆಟ್ರೋಲ್ ಬಂಕ್ ಇತ್ತು, ಲೈಟ್ ಉರಿಯುತ್ತಿತ್ತು. ಅದರ ಬಾಗಿಲಲ್ಲೇ ನಿಲ್ಲಿಸಿದೆ. ಇದನ್ನು ಮೆಲ್ಲಗೆ ಮಾಡಬೇಕು. ಆಕ್ಸಿಲರೇಟರ್ ಒತ್ತಿದರೆ ಓಡಿ ಹೋಗುತ್ತಿದ್ದಾನೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ನಿಲ್ಲಿಸಿ ಕ್ಯಾಬಿನ್ ಲೈಟ್ ಹಾಕಿದೆ. ಬಾಗಿಲು ಲಾಕ್, ಗಾಜು ನಾಲ್ಕು ಬೆರಳಷ್ಟು ಇಳಿಸಿದೆ. ಭಾಮೈದನನ್ನು ತಿವಿದು ಎಬ್ಬಿಸಿದೆ. 'ಏನ್ ಬಾವ, ಮಂಡಿ ಬಂತಾ?' ಅಂದ. ಅವನ ಕೈಗೆ ಫೋನ್ ಕೊಟ್ಟು 112 ಒತ್ತು ಅಂದೆ.

112 ಬಗ್ಗೆ ಗೊತ್ತಿಲ್ಲದವರು ಇನ್ನೂ ತುಂಬಾ ಜನ ಇದ್ದಾರೆ, ನಮ್ಮ ಮಂಡಿಯಲ್ಲೇ ಇದ್ದಾರೆ. ಅವರ ಬಾಯಲ್ಲಿ ಇನ್ನೂ ಪೊಲೀಸರ ಹಳೆಯ ನಂಬರ್ ನೂರೇ. ಪೊಲೀಸ್, ಆಂಬುಲೆನ್ಸ್, ಬೆಂಕಿ ಎಲ್ಲದಕ್ಕೂ ಈಗ ಇದೊಂದೇ ನಂಬರ್. ದುಡ್ಡಿಲ್ಲ. ನಮ್ಮ ಸಿಮ್ಮಿಗೆ ಟವರ್ ಸಿಗದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ ಅದರ ಮೇಲೆ ಹೋಗುತ್ತದೆ. ಕನ್ನಡದಲ್ಲೇ ಮಾತಾಡಿದರು, ಒಬ್ಬ ಹೆಣ್ಣುಮಗಳು. ಯಾವ ರಸ್ತೆ, ಹತ್ತಿರ ಏನಿದೆ, ಗಾಡಿ ನಂಬರ್ ಏನು. 'ಪೊಲೀಸರು ಅಂತ ನಿಲ್ಲಿಸಿದಾರೆ ಮೇಡಂ, ನಿಜವಾದ್ದಾ ಅಂತ ಗೊತ್ತಾಗ್ತಿಲ್ಲ' ಅಂತ ಭಾಮೈದ ಅಂದ. ಹಾಗೆ ಕೇಳಿದ್ದಕ್ಕೆ ನಗಲಿಲ್ಲ, ಗದರಲಿಲ್ಲ. ಲೈನಲ್ಲೇ ಇರಿ, ಅಲ್ಲಿಗೆ ತಿಳಿಸುತ್ತೇವೆ ಅಂದರು.

ಅಷ್ಟರಲ್ಲಿ ಸಾಹೇಬರು ಕಿಟಕಿ ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿತ್ತು. 'ಅಲ್ಲಿ ಕೈ ತೋರಿಸಿದ್ರೆ ಇಲ್ಲಿ ಯಾಕಪ್ಪಾ ನಿಲ್ಲಿಸ್ದೆ? ಇಳಿ ಕೆಳಗೆ, ಡಾಕ್ಯುಮೆಂಟ್ಸ್ ತಗೊಂಡ್ ಬಾ.'

ನಾನು ಮಗಳು ಹೇಳಿಕೊಟ್ಟ ಹಾಗೇ ಹೇಳಿದೆ. 'ಕೊಡ್ತೀನಿ ಸಾರ್, ಎಲ್ಲಾ ಇದೆ. ಹೋದ ಸಲ ಇದೇ ರೋಡಲ್ಲಿ ಯಾರೋ ಮೋಸ ಮಾಡಿದ್ರು, ಅದಕ್ಕೆ ಭಯ. ತಪ್ಪು ತಿಳ್ಕೋಬೇಡಿ, ನಿಮ್ಮ ಐಡಿ ಕಾರ್ಡ್ ಒಂದ್ಸಲ ತೋರಿಸ್ತೀರಾ?' ದನಿ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕಾನೂನಿನ ಪುಸ್ತಕ ತೆಗೆದು ಅವರ ಮುಖಕ್ಕೆ ಹಿಡಿಯಲಿಲ್ಲ. ಗೊತ್ತಿದ್ದದ್ದು ಮನಸ್ಸಲ್ಲೇ ಇಟ್ಟುಕೊಂಡಿದ್ದೆ: 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ನಿನಲ್ಲಿ ಲೈಸೆನ್ಸ್ ಕೇಳುವ ಪೊಲೀಸರು ಸಮವಸ್ತ್ರದಲ್ಲಿರಬೇಕು ಅಂತಿದೆ. ನಮ್ಮ ರಾಜ್ಯದಲ್ಲಿ ಸ್ಥಳದಲ್ಲೇ ದಂಡ ಹಾಕುವುದು ಎಎಸ್‌ಐ (ಅಸಿಸ್ಟೆಂಟ್ ಸಬ್ ಇನ್‌ಸ್ಪೆಕ್ಟರ್) ಮತ್ತು ಅದಕ್ಕಿಂತ ಮೇಲಿನವರು. ಎಎಸ್‌ಐ ಅಂದರೆ ಹೆಗಲ ಮೇಲೆ ಒಂದು ಸ್ಟಾರ್, ಎಸ್‌ಐಗೆ ಎರಡು, ಇನ್‌ಸ್ಪೆಕ್ಟರಿಗೆ ಮೂರು. ಕಿಟಕಿಯಿಂದ ನೋಡಿದೆ. ಒಂದು ಸ್ಟಾರ್ ಇತ್ತು, ಎದೆ ಮೇಲೆ ಹೆಸರೂ ಇತ್ತು. ಹಾಗಂತ ಬಟ್ಟೆ ಹೊಲಿಸಿಕೊಳ್ಳುವುದು ದೊಡ್ಡ ವಿಷಯವಾ?

ಸಾಹೇಬರು ಏನೋ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಅವರ ಸೊಂಟದ ವಾಕಿಟಾಕಿ ಗರ್ ಅಂತು. ಅದರೊಳಗಿಂದ ನನ್ನ ಗಾಡಿ ನಂಬರ್ ಬಂತು. ಕೆಎ ಸೊನ್ನೆ ಏಳು, ಬಿಳಿ ಪಿಕಪ್, ಹೈವೇ ಬಂಕ್ ಹತ್ತಿರ, ಯಾರು ನಿಲ್ಲಿಸಿದ್ದೀರಿ ನೋಡಿ ಅಂತ. ಅವರು ವಾಕಿಟಾಕಿ ನೋಡಿದರು, ನನ್ನನ್ನು ನೋಡಿದರು. 'ನಾನೇ ಕಣಯ್ಯಾ ನಿಲ್ಸಿರೋದು' ಅಂತ ಅದಕ್ಕೂ ಹೇಳಿದರು, ನನಗೂ ಹೇಳಿದರು. ನನ್ನ ಫೋನಿನಿಂದ ಆ ಹೆಣ್ಣುಮಗಳು, 'ಸಾರ್, ಅವರು ನಮ್ಮವರೇ, ಡ್ಯೂಟಿಯಲ್ಲಿದ್ದಾರೆ' ಅಂದರು. ಎದೆ ಮೇಲಿನ ಕಲ್ಲು ಇಳಿಯಿತು. ಇಷ್ಟೆಲ್ಲ ಆರೇಳು ನಿಮಿಷದ ಮಾತು.

ಆಮೇಲೆ ಐಡಿ ಕಾರ್ಡ್ ತೆಗೆದು ತೋರಿಸಿದರು. 'ಫೋನ್ ಮಾಡ್ದೇ ಇದ್ರೂ ನಾನೇ ತೋರಿಸ್ತಿದ್ನಲ್ಲ ಮಾರಾಯ. ಪರವಾಗಿಲ್ಲ ಬಿಡು, ಸರಿಯಾಗೇ ಮಾಡಿದೀಯ' ಅಂದರು. ನಾನು ಇಳಿದು ಕೈ ಮುಗಿದೆ. ಡಿಜಿಲಾಕರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಡಿಎಲ್, ಆರ್‌ಸಿ ತೋರಿಸಿದೆ. 2018ರಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಆದಮೇಲೆ ಫೋನಿನಲ್ಲಿ ತೋರಿಸಿದರೂ ನಡೆಯುತ್ತದೆ. ಒರಿಜಿನಲ್ ಗಾಡಿಯಲ್ಲಿ ಇಟ್ಟುಕೊಂಡು, ಯಾರದೋ ಕೈಗೆ ಕೊಟ್ಟು, ಅದಕ್ಕೋಸ್ಕರ ಗೋಗರೆಯುವ ಪಾಡು ಇಲ್ಲ. ಡಿಜಿಲಾಕರ್‌ಗೆ ಐದಕ್ಕೆ ಐದು.

ಆದರೆ ನಿಲ್ಲಿಸಿದ್ದಕ್ಕೆ ಕಾರಣ ಇತ್ತು. ಎಡಗಡೆ ಟೇಲ್ ಲ್ಯಾಂಪ್ ಉರಿಯುತ್ತಿರಲಿಲ್ಲ. ರಾತ್ರಿ ಹೈವೇಯಲ್ಲಿ ಹಿಂದಿನವನು ಬೈಕ್ ಅಂದುಕೊಂಡು ಬಂದು ಗುದ್ದಿದರೆ ಏನು ಗತಿ ಅಂತ ಬೈದರು. ನ್ಯಾಯವೇ. 500 ರೂಪಾಯಿ ದಂಡ, ಕೈಯಲ್ಲಿದ್ದ ಮೆಷಿನ್ನಿನಿಂದ ಚೀಟಿ ಬಂತು, ಅದರಲ್ಲಿ ನನ್ನ ಗಾಡಿ ನಂಬರು, ತಪ್ಪು ಏನು ಅಂತ ಎಲ್ಲ ಇತ್ತು. ದಂಡ ಕಟ್ಟಿ ಅಷ್ಟು ಖುಷಿಪಟ್ಟವನನ್ನು ಆ ಸಾಹೇಬರು ಇನ್ನೊಬ್ಬನನ್ನು ನೋಡಿರಲಾರರು.

ಇಷ್ಟು ಹೊತ್ತು ನನ್ನ ಕ್ಯಾಮೆರಾ ಏನು ಮಾಡುತ್ತಿತ್ತು? ಮನೆಗೆ ಬಂದು ಮಗಳ ಜೊತೆ ಕೂತು ನೋಡಿದೆ. ಬಂಕಿನ ಗಾಳಿ ತುಂಬುವ ಮೆಷಿನ್ನು. ಅದರ ಮುಂದೆ ಮಲಗಿದ್ದ ನಾಯಿ. ಹನ್ನೊಂದು ನಿಮಿಷ ಅಷ್ಟೇ.

ಯಾಕೆಂದರೆ ಪೊಲೀಸರು ಬರುವುದು ಬಲಗಡೆ ಕಿಟಕಿಗೆ. ಕ್ಯಾಮೆರಾ ನೋಡುವುದು ಮುಂದಕ್ಕೆ. ಇದು ಅಂಗಡಿ ಹುಡುಗನಿಗೂ ಹೊಳೆದಿರಲಿಲ್ಲ, 5,400 ಎಣಿಸಿದ ನನಗೂ ಹೊಳೆದಿರಲಿಲ್ಲ. ಮಾತು ಮಾತ್ರ ಕೇಳಿಸುತ್ತದೆ, ಅದೂ ಭಾಮೈದನ ದನಿಯೇ ಜಾಸ್ತಿ. ದಾರಿಯಲ್ಲಿ ಜೀಪು ದಾಟುವಾಗ ಅದರ ನಂಬರ್ ಪ್ಲೇಟ್ ಬಿದ್ದಿದೆಯಾ ಅಂತ ನೋಡಿದೆ. ನನ್ನ ಹೆಡ್‌ಲೈಟಿಗೆ ಬರೀ ಬಿಳಿ ಚೌಕ. ಸರ್ಕಾರಿ ಗಾಡಿಯ ನಂಬರಿನಲ್ಲಿ ಕೆಎ ಮತ್ತು ಎರಡು ಅಂಕಿಯ ನಂತರ ಜಿ ಅಕ್ಷರ ಇರುತ್ತದೆ, ಅದೊಂದು ಕಂಡಿದ್ದರೂ ಸಾಕಿತ್ತು. ಇನ್ನೂ ಒಂದು ತಮಾಷೆ. ವಿಡಿಯೊದ ಮೂಲೆಯಲ್ಲಿ ತಾರೀಖು 2020, ಜನವರಿ 1. ಎರಡು ದಿನ ಗಾಡಿ ನಿಂತರೆ ಗಡಿಯಾರ ಹುಟ್ಟಿದ ದಿನಕ್ಕೆ ವಾಪಸ್ ಹೋಗುತ್ತದಂತೆ. ಇಂಥ ವಿಡಿಯೊ ಹಿಡಿದುಕೊಂಡು ನಾಳೆ ದೂರು ಕೊಡಲು ಹೋದರೆ ಮೊದಲು ಕೇಳುವುದೇ ಅದನ್ನು.

ಅಂಗಡಿಗೆ ಹೋಗಿ ಹೇಳಿದೆ. ಹುಡುಗ ತಲೆ ಕೆರೆದುಕೊಂಡ. ಒಳಗೂ ಹೊರಗೂ ಎರಡೂ ಕಡೆ ನೋಡುವ ಕ್ಯಾಮೆರಾ ಇದೆ, ಅದಕ್ಕೆ ಇನ್ನೂ ನಾಲ್ಕು ಸಾವಿರ ಜಾಸ್ತಿ ಅಂದ. ಮೊದಲೇ ಹೇಳಬಾರದಿತ್ತಾ?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಅಪಘಾತ, ಇನ್ಶೂರೆನ್ಸ್ ಜಗಳ ಇದಕ್ಕೆ ಬೇಕು ಅಂದರೆ ತಗೊಳ್ಳಿ, ತೊಂದರೆ ಇಲ್ಲ. ರಾತ್ರಿ ಗಾಡಿ ಹೊಡೆಯುವವರು ಪೊಲೀಸ್ ವೇಷದವರ ಭಯಕ್ಕೆ ತಗೊಳ್ಳುವುದಾದರೆ ಕಿಟಕಿ ಕಡೆ ನೋಡುವ ಕಣ್ಣೂ ಇರುವಂಥದ್ದೇ ನೋಡಿ. ಇಲ್ಲವಾದರೆ ನನ್ನ ಹಾಗೆ ಬಲಕ್ಕೆ ತಿರುಗಿಸುವುದು ಅಭ್ಯಾಸ ಮಾಡಿಕೊಳ್ಳಿ. ಈಗ ಗಾಡಿ ನಿಲ್ಲಿಸಿದ ತಕ್ಷಣ ಭಾಮೈದನ ಕೆಲಸ ಅದು, ಒಂದು ಕೈಯಲ್ಲಿ ಕ್ಯಾಮೆರಾ ತಿರುಗಿಸುವುದು, ಇನ್ನೊಂದರಲ್ಲಿ 112. 112ಕ್ಕೆ ಎಷ್ಟು ಸ್ಟಾರ್ ಅಂತ ಕೇಳಿದರೆ ಐದು. ಆ ಎಎಸ್‌ಐ ಸಾಹೇಬರಿಗೆ ಹೆಗಲ ಮೇಲೆ ಒಂದೇ ಇದೆ, ನನ್ನ ಕಡೆಯಿಂದ ಇನ್ನೂ ನಾಲ್ಕು.

ಟೇಲ್ ಲ್ಯಾಂಪಿನ ಬಲ್ಬು ಅವತ್ತು ಮಂಡಿಯಲ್ಲಿ ಮಾಲು ಇಳಿಸಿದ ಕೂಡಲೇ ಹಾಕಿಸಿದೆ. ನಲವತ್ತು ರೂಪಾಯಿ.