ಹೈ ವಾಲ್, ಸ್ಟೀವನ್ಸ್, ಮಾರ್ಟಿನಿ: ಒಂಟಿ ಈಡಿನ ಮೂರು ಕೋವಿ, ಮೂರು ತೋಟಾ

ಕೋವಿ ಅಂದರೆ ನನಗೆ ಮೊದಲು ನೆನಪಾಗುವುದು ಊರಲ್ಲಿ ಅಜ್ಜನ ಕೇಪಿನ ಕೋವಿ. ತೋಟಕ್ಕೆ ಬರುವ ಹಂದಿ ಓಡಿಸಲು ಲೈಸೆನ್ಸ್ ಮಾಡಿಸಿದ್ದು. ಚುನಾವಣೆ ಬಂದಾಗಲೆಲ್ಲ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ಹೊತ್ತು ತರುತ್ತಿದ್ದರು. ಒಂದು ಈಡು ತಪ್ಪಿದರೆ ಕಥೆ ಮುಗಿಯಿತು. ಬಹುಶಃ ಅದೇ ಗೀಳು ಇರಬೇಕು, ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೂ ನನ್ನ ಕಣ್ಣು ಹೋಗಿದ್ದು ಒಂಟಿ ಈಡಿನ ಹಳೇ ರೈಫಲ್‌ಗಳ ಮೇಲೆ. ಎರಡು ಬೇಸಿಗೆ ಮೂರು ಕೋವಿಗಳನ್ನು ಕ್ಲಬ್ಬಿನ ಬೆಂಚಿನ ಮೇಲಿಟ್ಟು 100 ಗಜಕ್ಕೆ ಹೊಡೆದು ನೋಡಿದೆ.

ಮೂರಕ್ಕೂ ಮೂಲ ನಳಿಗೆ ಇಲ್ಲ. ಹಳೇ ಆಕ್ಷನ್‌ಗೆ (ನಳಿಗೆಯ ಹಿಂದೆ ತೋಟಾ ಹಿಡಿದು ಸಿಡಿಸುವ ಯಂತ್ರ) ಹೊಸ ನಳಿಗೆ ಕೂರಿಸಿ, ವೈಲ್ಡ್‌ಕ್ಯಾಟ್ ತೋಟಾಕ್ಕೆ ಚೇಂಬರ್ (ತೋಟಾ ಕೂರುವ ಗೂಡು) ಕೊರೆಸಿದವು. ವೈಲ್ಡ್‌ಕ್ಯಾಟ್ ಅಂದರೆ ಕಂಪನಿಯ ಖಾಲಿ ಕೇಸನ್ನು (ಮದ್ದು ತುಂಬುವ ಹಿತ್ತಾಳೆ ಕೊಳವೆ) ತಂದು, ಗುಂಡು ಹಿಡಿಯುವ ಕತ್ತು ಕಿರಿದು ಮಾಡಿ, ಅದರ ಕೆಳಗಿನ ಹೆಗಲು ತಿದ್ದಿ, ನಾವೇ ಮಾಡಿಕೊಂಡ ತೋಟಾ. ಅಂಗಡಿಯಲ್ಲಿ ಸಿಗುವುದಿಲ್ಲ. 1920–30ರ ದಶಕದಲ್ಲಿ ಅಮೆರಿಕದ ಕೋವಿ ರಿಪೇರಿಯವರಿಗೆ ಇದೊಂದು ಹುಚ್ಚೇ ಆಗಿತ್ತು. ಕಪ್ಪು ಮದ್ದಿನ ಕಾಲದ ಸವೆದ ನಳಿಗೆಯ ಒಳ್ಳೇ ಆಕ್ಷನ್‌ಗಳು ಅಗ್ಗಕ್ಕೆ ಸಿಗುತ್ತಿದ್ದವು. ಹೊಲದಲ್ಲಿ ಬಿಲ ತೋಡುವ ಗ್ರೌಂಡ್‌ಹಾಗ್‌ಗಳನ್ನು ದೂರದಿಂದ ಹೊಡೆಯಲು ಸಣ್ಣ ಗುಂಡು, ಜಾಸ್ತಿ ವೇಗ ಬೇಕಿತ್ತು.

ಮೊದಲು ಮಾರ್ಟಿನಿ, ಅದರ ಬಗ್ಗೆ ಹೇಳೋದು ಕಡಿಮೆ. ಬಿಎಸ್‌ಎ ಕಂಪನಿ ಆಸ್ಟ್ರೇಲಿಯಾದ ಶಾಲಾ ಕೆಡೆಟ್‌ಗಳಿಗೆ ಅಂತ ಮಾಡಿದ ಪುಟ್ಟ ಕೋವಿ. ನನ್ನದಕ್ಕೆ ಕೆ-ಹಾರ್ನೆಟ್ ಚೇಂಬರ್. ಮೂಲ .22 ಹಾರ್ನೆಟ್ (ಮೊದಲ ಅಂಕಿ ಗುಂಡಿನ ಅಡ್ಡಳತೆ, ಸುಮಾರಾಗಿ, ಇಂಚಿನಲ್ಲಿ) ಕೂಡ ವೈಲ್ಡ್‌ಕ್ಯಾಟಾಗಿಯೇ ಹುಟ್ಟಿದ್ದು. ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ವೊಟ್ಕಿನ್ಸ್, ವೀಲನ್ ಮುಂತಾದವರು ಕಪ್ಪು ಮದ್ದಿನ ಹಳೇ .22 ಡಬ್ಲ್ಯೂಸಿಎಫ್ (ವಿಂಚೆಸ್ಟರ್ ಸೆಂಟರ್ ಫೈರ್) ಕೇಸನ್ನು ಹಿಡಿದು ಬೆಳೆಸಿದರು. 1930ರಲ್ಲಿ ವಿಂಚೆಸ್ಟರ್ ಕಂಪನಿ ಈ ತೋಟಾ ಮಾರಲು ಶುರು ಮಾಡಿತು. ತಮಾಷೆ ಅಂದರೆ ಅದನ್ನು ಹೊಡೆಯುವ ಕಂಪನಿ ರೈಫಲ್ ಬಂದದ್ದು ಆಮೇಲೆ. 1940ರಲ್ಲಿ ಲೈಲ್ ಕಿಲ್‌ಬೋರ್ನ್ ಅದರ ಇಳಿಜಾರು ಹೆಗಲನ್ನು ಚೂಪು ಮಾಡಿ ಕೆ-ಹಾರ್ನೆಟ್ ಮಾಡಿದ. ಇದರಲ್ಲಿ ಕಷ್ಟವೇ ಇಲ್ಲ. ಅಂಗಡಿಯ ಹಾರ್ನೆಟ್ ತೋಟಾ ಹಾಕಿ ಹೊಡೆದರೆ ಸಾಕು, ಕೇಸು ತಾನೇ ಉಬ್ಬಿ ಕೆ-ಹಾರ್ನೆಟ್ ಆಕಾರಕ್ಕೆ ಬಂದು ಹೊರಬರುತ್ತದೆ. ಮಾರ್ಟಿನಿಗೆ ಹೊರಗೆ ಕಾಣುವ ಸುತ್ತಿಗೆ ಇಲ್ಲ, ಟ್ರಿಗರ್ ಒತ್ತಿದ ಕೂಡಲೇ ಈಡು. ಆದರೆ ಹಿಂದಿನಿಂದ ಸಲಾಕೆ ತೂರಿಸಲು ದಾರಿ ಇಲ್ಲ. ಒಂದು ಪಿನ್ನು ತಳ್ಳಿದರೆ ಒಳಗಿನ ಯಂತ್ರವೆಲ್ಲ ಗಡಿಯಾರದ ಹಾಗೆ ಕೈಗೆ ಬರುತ್ತದೆ ನಿಜ, ಹಾಗಿದ್ದರೂ ಡಬ್ಬಿಯ ಹಿಂಭಾಗ ಮುಚ್ಚಿದ್ದೇ. ನಳಿಗೆ ತಿಕ್ಕುವುದು ಅದರ ಮುಂದಿನ ಬಾಯಿಯ ಕಡೆಯಿಂದಲೇ. ಐದು ಈಡಿನ ಗುಂಪು (ಕಾಗದದ ಮೇಲೆ ತೂತುಗಳು ಹರಡಿದ ಅಗಲ) ಒಂದೂವರೆ ಇಂಚಿನಿಂದ ಕೆಳಗೆ ಇಳಿದದ್ದು ಎರಡೇ ಸಲ.

ಹೈ ವಾಲ್ ವಿಷಯ ಬೇರೆ. ಯೂಟಾದ ಆಗ್ಡೆನ್ ಊರಿನಲ್ಲಿ ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. 1883ರಲ್ಲಿ ವಿಂಚೆಸ್ಟರ್ ಅದರ ಹಕ್ಕು ಕೊಂಡಿತು, 1885ರಿಂದ 1920ರವರೆಗೆ ಸುಮಾರು 1.4 ಲಕ್ಷ ಕೋವಿ ಮಾಡಿತು. ಲಿವರ್ ಎಳೆದರೆ ಚೇಂಬರ್ ಮುಚ್ಚುವ ದಪ್ಪ ಉಕ್ಕಿನ ಬ್ಲಾಕು ಸುತ್ತಿಗೆಯನ್ನೂ ಕರೆದುಕೊಂಡು ಕೆಳಗಿಳಿಯುತ್ತದೆ. ಬಾವಿಯ ಕಲ್ಲು ಚಪ್ಪಡಿ ಸರಿದ ಹಾಗೆ. ಮೂರರಲ್ಲಿ ಗಟ್ಟಿ ಇದೇ.

ನನ್ನದಕ್ಕೆ .219 ಡೊನಾಲ್ಡ್‌ಸನ್ ವಾಸ್ಪ್. ಹಾರ್ನೆಟ್ ಅಂದರೂ ಕಡಜ, ವಾಸ್ಪ್ ಅಂದರೂ ಕಡಜ, ನಮಗೆ ಎರಡೂ ಒಂದೇ. ಹೊಡೆದಾಗ ಮಾತ್ರ ಗೊತ್ತಾಗುತ್ತದೆ ಯಾವುದು ದೊಡ್ಡದು ಅಂತ. 1937ರಲ್ಲಿ ವಿಂಚೆಸ್ಟರ್ .219 ಜಿಪ್ಪರ್ ತಂದು ಲಿವರ್ ಕೋವಿಗೆ ಹಾಕಿತು. ಅಲ್ಲಿ ಅದು ನಿಖರತೆಯಲ್ಲಿ ಹೆಸರು ಮಾಡಲಿಲ್ಲ. ನ್ಯೂಯಾರ್ಕ್ ರಾಜ್ಯದ ಫುಲ್ಟನ್‌ವಿಲ್‌ನ ಹಾರ್ವೆ ಡೊನಾಲ್ಡ್‌ಸನ್ ಅದೇ ಕೇಸನ್ನು ಗಿಡ್ಡ ಮಾಡಿ, ಹೆಗಲು ಚೂಪು ಮಾಡಿದ. ಗುಂಪು ಬಿಗಿಯಾಯಿತು.

ಈಗ ಜಿಪ್ಪರ್ ಕೇಸು ಹುಡುಕುವವರಿಲ್ಲ, ಅದೇ ಕುಲದ .30-30 ಇದೆಯಲ್ಲ, ಅದರಿಂದಲೇ ಮಾಡಿಕೊಳ್ಳಬೇಕು. ಒಂದೇ ಏಟಿಗೆ ಕತ್ತು ಅಷ್ಟು ಕಿರಿದು ಮಾಡಿದರೆ ಹಿತ್ತಾಳೆ ಮಡಚಿಕೊಳ್ಳುತ್ತದೆ. ಮೂರು ಡೈ (ಉಕ್ಕಿನ ಅಚ್ಚು) ದಾಟಿಸಿ, ಹೆಚ್ಚಾದ ಉದ್ದ ಗರಗಸದಲ್ಲಿ ಕತ್ತರಿಸಿ, ದಪ್ಪವಾದ ಕತ್ತನ್ನು ಒಳಗಿನಿಂದ ಕೆರೆದು, ಕೊನೆಗೆ ಚೇಂಬರಿನಲ್ಲಿ ಹೊಡೆದು ಆಕಾರ ಕೊಡಬೇಕು. ಮೊದಲ ಇಪ್ಪತ್ತರಲ್ಲಿ ಒಂಬತ್ತು ಹಾಳು. ಕೆಲವದರ ಹೆಗಲಲ್ಲಿ ಸೀರೆಯ ನೆರಿಗೆಯ ಹಾಗೆ ಸುಕ್ಕು, ಎರಡರ ಕತ್ತು ಉದ್ದಕ್ಕೆ ಸೀಳಿತ್ತು. ಡೈಗೆ ಎಣ್ಣೆ ಜಾಸ್ತಿ ಹಚ್ಚಿದ್ದೇ ಸುಕ್ಕಿಗೆ ಕಾರಣ. ಕತ್ತನ್ನು ಬೆಂಕಿಯಲ್ಲಿ ಮೆದು ಮಾಡಿಕೊಂಡ ಮೇಲೆ ಸೀಳೂ ನಿಂತಿತು.

ಇನ್ನೊಂದು ಕಿರಿಕಿರಿ. ಮಾರಿದವರು "ಎಲ್ಲಾ ಕೆಲಸ ಮಾಡಿಸಿದೆ" ಅಂದಿದ್ದರು. ಹೊಡೆದ ಕೇಸು ನೋಡಿದರೆ ಅದರ ತಳದಲ್ಲಿ ಕಿಡಿ ಹಚ್ಚುವ ಪ್ರೈಮರ್ ಮಧ್ಯೆ ಜ್ವಾಲಾಮುಖಿಯ ಬಾಯಿಯ ಹಾಗೆ ದಂಡೆ ಎದ್ದಿದೆ. ಕಪ್ಪು ಮದ್ದಿನ ಕಾಲದ ದಪ್ಪ ಫೈರಿಂಗ್ ಪಿನ್ನು, ಅದರ ಅಗಲ ತೂತು ಹಾಗೇ ಇತ್ತು. ಒತ್ತಡ ಜಾಸ್ತಿಯಾದರೆ ಪ್ರೈಮರ್ ಲೋಹ ಆ ತೂತಿಗೆ ನುಗ್ಗುತ್ತದೆ. ತೂತಿಗೆ ಬುಷ್ ಹಾಕಿ ಸಣ್ಣ ಪಿನ್ನು ಕೂರಿಸುವುದು ಆಗಿನ ಕಾಲದಿಂದಲೂ ಇರುವ ಪರಿಹಾರ. ಕೆಲಸ ಮಾಡಿಸಿ ಆರು ವಾರ ಕಾದೆ. ಆಮೇಲೆ ಐದು ಈಡು ಮುಕ್ಕಾಲು ಇಂಚಿನೊಳಗೆ, ಅದೂ ದಿನಾ. 200 ಗಜಕ್ಕೂ ಗಾಳಿ ಇಲ್ಲದ ಬೆಳಗ್ಗೆ ಎರಡು ಇಂಚು ಮೀರಲಿಲ್ಲ.

ಮೂರನೆಯದು ಸ್ಟೀವನ್ಸ್ 44½. ಇಲ್ಲಿ ಆ ಅರ್ಧ ಮುಖ್ಯ. ಬರೀ 44 ನೋಡಲು ಹೀಗೇ ಇರುತ್ತದೆ, ಆದರೆ ಒಳಗಿನ ಕಟ್ಟು ಬೇರೆ, ಬಲ ಕಡಿಮೆ. ಅದಕ್ಕೆ ಇಂಥ ತೋಟಾ ಹಾಕಬಾರದು. 44½ ಬಂದದ್ದು 1903ರಲ್ಲಿ. ಬ್ಲಾಕು ಮೇಲೆ ಬಂದು ಕೊನೆಯಲ್ಲಿ ಮುಂದಕ್ಕೆ ಸ್ವಲ್ಪ ಬಾಗಿ ತೋಟಾವನ್ನು ಒಳಗೆ ಒತ್ತುತ್ತದೆ. ಆ ಕೊನೆಯ ಒತ್ತು ಅಂಗೈಗೆ ಗೊತ್ತಾಗುತ್ತದೆ. ಸ್ಟೀಲಿನ ಟಿಫನ್ ಡಬ್ಬಿಯ ಮುಚ್ಚಳ ಕೂತ ಹಾಗೆ. ಹೈ ವಾಲ್‌ನಲ್ಲಿ ಅದು ಇಲ್ಲ, ಬಿಗಿ ಕೇಸನ್ನು ಹೆಬ್ಬೆರಳಲ್ಲಿ ನೂಕಬೇಕು.

ತೋಟಾ ಆರ್-2 ಲೊವೆಲ್. ಇಂಡಿಯಾನಾಪೊಲಿಸ್‌ನ ಹರ್ವಿ ಲೊವೆಲ್ ಉದ್ದನೆಯ, ತೆಳ್ಳಗಿನ .25-20 ಸಿಂಗಲ್ ಶಾಟ್ ಕೇಸಿನ ಕತ್ತು ಕಿರಿದು ಮಾಡಿ .22-3000 ಮಾಡಿದ. ಸೆಕೆಂಡಿಗೆ 3,000 ಅಡಿ ವೇಗ ಅನ್ನುವ ಆಸೆ ಹೆಸರಿನಲ್ಲೇ ಇದೆ. ಆಮೇಲೆ ರಿಸ್ಲಿ ಅನ್ನುವವರ ಎರಡನೇ ರೀಮರ್‌ನಿಂದ (ಚೇಂಬರ್ ಕೊರೆಯುವ ಸಲಕರಣೆ) ಹೆಗಲು ಚೂಪಾಗಿ ಆರ್-2 ಆಯಿತು. ಹಾಗಾಗಿ ನಳಿಗೆಯ ಮೇಲೆ "ಲೊವೆಲ್" ಅಂತ ಕೊರೆದಿದ್ದರೆ ನಂಬಬೇಡಿ. ನಾನು ಬೇಗ ಕರಗುವ ಲೋಹ ಸುರಿದು ಚೇಂಬರಿನ ಅಚ್ಚು ತೆಗೆದು ಅಳೆದೆ. ಸೀಸದ ಗುಂಡು ತಳ್ಳಿ ನಳಿಗೆಯನ್ನೂ ಅಳೆದೆ. 0.223 ಇಂಚು ಬಂತು, ಈಗಿನ 0.224 ಅಲ್ಲ. ಆ ಅಳತೆಯ ಗುಂಡಿಗೇ ಒಂದು ತಿಂಗಳು ಹುಡುಕಾಟ.

ಗುಂಪು ಸುಮಾರು ಒಂದು ಇಂಚು. ವಾಸ್ಪ್‌ನಷ್ಟಿಲ್ಲ. ಆದರೆ ಸದ್ದು ಮೆಲ್ಲಗೆ, ಒದೆತ ಇಲ್ಲವೇ ಇಲ್ಲ, ದುರ್ಬೀನಿನಲ್ಲಿ ಕಾಗದಕ್ಕೆ ತೂತು ಬೀಳುವುದು ಕಣ್ಣಾರೆ ಕಾಣುತ್ತದೆ. ಹೊಲದ ಯಜಮಾನರು ಹೈ ವಾಲ್ ತಂದರೆ ಹಸು ಬೆದರುತ್ತವೆ ಅನ್ನುತ್ತಾರೆ, ಇದಕ್ಕೆ ತಲೆಯೆತ್ತಿಯೂ ನೋಡುವುದಿಲ್ಲ.

ಕೊಳ್ಳುವವರು ಕೇಳಿದರೆ ನಾನು ಹೈ ವಾಲ್, ವಾಸ್ಪ್ ಅಂತಲೇ ಹೇಳುತ್ತೇನೆ. .30-30 ಕೇಸು ನಮ್ಮ ಕಡೆ ಕಿರಾಣಿ ಸಾಮಾನಿನಷ್ಟು ಸಲೀಸಾಗಿ ಸಿಗುತ್ತದೆ. ಲೊವೆಲ್ ಮೂಲೆಗೆ ಸೇರಿದ್ದು ಗುರಿ ತಪ್ಪಿ ಅಲ್ಲ, .25-20 ಸಿಂಗಲ್ ಶಾಟ್ ಕೇಸನ್ನು ದೊಡ್ಡ ಕಂಪನಿಗಳು ಕೈಬಿಟ್ಟಿದ್ದರಿಂದ. ಅದೇ ಹೆಸರಿನ ರಿಪೀಟರ್ (ಒಂದಕ್ಕಿಂತ ಹೆಚ್ಚು ತೋಟಾ ಹಿಡಿಯುವ ಕೋವಿ) ತೋಟಾ ಗಿಡ್ಡ, ಉಪಯೋಗಕ್ಕೆ ಬರುವುದಿಲ್ಲ. ಮಾರ್ಟಿನಿಯನ್ನು ಮಾರಲು ಇಟ್ಟಿದ್ದೇನೆ.

ಶನಿವಾರ ಕಾರಿಗೆ ಹಾಕುವುದು ಮಾತ್ರ ಸ್ಟೀವನ್ಸನ್ನೇ. ಅದರ ಕೇಸು ಹಾರಿ ಬೀಳುವುದಿಲ್ಲ, ಉಗುರಲ್ಲಿ ಹಿಡಿದು ಎಳೆಯಬೇಕು, ಅದೊಂದು ಪುಣ್ಯ. ಅರವತ್ತು ಕೊಂಡಿದ್ದೆ. ಹೋದ ವಾರ ಎರಡರ ಕತ್ತು ಸೀಳಿತು. ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ನಲವತ್ತೊಂದು ಇವೆ.